ಹತ್ತು ನಿಮಿಷ ಮುಂದಿರುವ ಮನೆ

ನಮ್ಮ ಚಿಕ್ಕಪ್ಪನ ಮನೆಯೊಳಗೆ ಹೋಗುವುದು ಬಹಳ ಸುಲಭ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಚಪ್ಪಲಿ ಬಿಡುವಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಎದುರಿಗೆ ಬಂದು ಕೂತಿರುತ್ತವೆ. ಆದರೆ ಆ ಮನೆಯ ಕಂಪ್ಯೂಟರಿನೊಳಗೆ ಹೋಗಬೇಕೆಂದರೆ ಮಾತ್ರ ಏಳು ಸುತ್ತಿನ ಕೋಟೆ ದಾಟಬೇಕು! ದುರ್ಗದ ಕೋಟೆಗಾದರೂ ಒಂದು ಕಿಂಡಿ ಇತ್ತು. ಚಿಕ್ಕಪ್ಪ ಕಟ್ಟಿದ ಕೋಟೆಗೆ ಅದೂ ಇಲ್ಲ.

ಚಿಕ್ಕಪ್ಪ ಚಿಕ್ಕಜಾಜೂರಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅಪ್ಪಣೆಯಿಲ್ಲದೆ ಒಂದೇ ಒಂದು ಗಾಡಿಯನ್ನು ಒಳಗೆ ಬಿಟ್ಟವರಲ್ಲ. ನಿವೃತ್ತಿಯಾದ ಮೇಲೆ ಬೇರೆಯವರು ಮಠ, ವಾಕಿಂಗ್, ಸಕ್ಕರೆ ಕಾಯಿಲೆ ಎಂದು ಏನಾದರೊಂದನ್ನು ಹಿಡಿದುಕೊಳ್ಳುತ್ತಾರಲ್ಲ, ಇವರು ಸರ್ವರ್ ಹಿಡಿದುಕೊಂಡರು. ಮುಚ್ಚಿಹೋದ ಯಾವುದೋ ಕಚೇರಿಯ ಹಳೆಯ ದೊಡ್ಡ ಕಂಪ್ಯೂಟರೊಂದನ್ನು ತಂದು, ರಾಗಿಮೂಟೆ ಇಡುವ ಕೋಣೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮನೆಯ ಉಳಿದ ಕಂಪ್ಯೂಟರುಗಳೆಲ್ಲ ಇನ್ನು ಮೇಲೆ ಅದರ ಮಾತು ಕೇಳತಕ್ಕದ್ದೆಂದು ಕಟ್ಟುಮಾಡಿದರು. ಇದಕ್ಕೆ ಡೊಮೈನ್ ಎನ್ನುತ್ತಾರಂತೆ. ಉಳಿದ ಕಂಪ್ಯೂಟರುಗಳೆಂದರೆ ಎಷ್ಟು ಅಂದುಕೊಂಡಿರಿ? ಎರಡು! ಪಡಸಾಲೆಯಲ್ಲೊಂದು, ಅಡುಗೆಮನೆಯಲ್ಲೊಂದು.

"ಏನು ಚಿಕ್ಕಪ್ಪ ಹಂಗಂದ್ರೆ?" ಎಂದು ನಾನು ಕೇಳಿದೆ. ದುರ್ಗದಿಂದ ದಿನಾ ಹಿರೇಗುಂಟನೂರಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವವಳು ನಾನು; ಇಂಥದ್ದು ತಿಳಿಯುವುದಿಲ್ಲವೆಂದರೆ ಅವರಿಗೆ ಎಲ್ಲಿಲ್ಲದ ಖುಷಿ.

"ಒಂದು ಜಂಕ್ಷನ್ ಅಂದ್ಕಳಮ್ಮ. ನೀನು ಬಂದು ಕುಂತ್ಕಂಡು ಹೆಸರು ಹೊಡಿತೀಯ, ಪಾಸ್‌ವರ್ಡ್ ಹೊಡಿತೀಯ. ಈ ಕಂಪ್ಯೂಟರು ನಿನ್ನ ನಂಬಲ್ಲ. ಒಳಗಿರೋ ಸರ್ವರ್‌ನ ಕೇಳ್ತದೆ, 'ಈಯಮ್ಮನ್ನ ಬಿಡ್ಲಾ?' ಅಂತ. ಅದು ಹ್ಞೂಂ ಅಂದ್ರೇನೇ ಸಿಗ್ನಲ್ ಬೀಳೋದು."

"ಮನೆಯೋರನ್ನೂ ನಂಬಲ್ವಾ?"

"ರೈಲ್ವೆಯೊಳಗೆ ನಂಬಿಕೆ ಅಂಬೋದು ಇಲ್ಲ. ಲೈನ್ ಕ್ಲಿಯರ್ ಐತಾ, ಇಲ್ವಾ? ಅಷ್ಟೆ."

ಎದುರುಮನೆಯ ಅಡಿಕೆ ವ್ಯಾಪಾರಿಯೊಬ್ಬರು ಒಮ್ಮೆ ಒಂದು ಪಹಣಿಯ ಪ್ರಿಂಟು ತೆಗೆಸಿಕೊಳ್ಳಲು ಬಂದರು. ಒಂದೇ ಒಂದು ಹಾಳೆ. ಚಿಕ್ಕಪ್ಪ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಅವರ ಹೆಸರಿನಲ್ಲಿ ಹೊಸ ಖಾತೆ ತೆರೆದರು. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ ಬೇಕು, ಚಿಕ್ಕಕ್ಷರ ಬೇಕು, ಅಂಕಿ ಬೇಕು, ಒಂದು ಚಿಹ್ನೆಯೂ ಬೇಕು. ಹೆಂಡತಿಯ ಹೆಸರು ಕೂಡದು, ಊರಿನ ಹೆಸರು ಕೂಡದು. ಆ ಮನುಷ್ಯ ಬೆವರು ಒರೆಸಿಕೊಂಡು, "ಮಾಸ್ಟ್ರೇ, ನನ್ನ ಮಗಳ ಮದುವೆ ಮಾತುಕತೆಯೊಳಗೂ ಇಷ್ಟು ವಿಚಾರ್ಸಿರಲಿಲ್ಲ ಕಣ್ರಿ" ಎಂದು ಎದ್ದು ಜೆರಾಕ್ಸ್ ಅಂಗಡಿಗೆ ಹೋದರು. ಆದರೆ ಖಾತೆ ಹಾಗೇ ಉಳಿಯಿತು ನೋಡಿ! ಈಗಲೂ ಅವರು ದಾರಿಯಲ್ಲಿ ಸಿಕ್ಕಾಗಲೆಲ್ಲ ಚಿಕ್ಕಪ್ಪ, "ನಿಮ್ಮ ಪಾಸ್‌ವರ್ಡ್ ಹಳೇದಾಗೈತೆ, ಬಂದು ಬದಲಾಯಿಸ್ಕೊಂಡು ಹೋಗ್ರಿ" ಎಂದು ಎಚ್ಚರಿಸುತ್ತಾರೆ.

ಅವರ ಇನ್ನೊಂದು ವೈಖರಿ ಗಡಿಯಾರದ್ದು. ನೌಕರಿಯಲ್ಲಿದ್ದಷ್ಟು ಕಾಲ ಅವರ ಗಡಿಯಾರ ಒಂದು ಸೆಕೆಂಡೂ ಆಚೀಚೆ ಆಗುವಂತಿರಲಿಲ್ಲ. ಆದರೆ ಪ್ಲಾಟ್‌ಫಾರ್ಮಿನ ಮೇಲೆ ಏದುಸಿರು ಬಿಡುತ್ತ ಓಡಿಬಂದು, ಕಣ್ಣೆದುರೇ ಗಾಡಿ ತಪ್ಪಿಸಿಕೊಂಡವರನ್ನು ಅವರು ಕಂಡಷ್ಟು ಬೇರಾರೂ ಕಂಡಿರಲಾರರು. ಹಾಗಾಗಿ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದು. ಇದರಿಂದ ಯಾರಿಗೆ ಏನು ಲಾಭ? ಮನೆಯವರಿಗೆಲ್ಲ ಅದು ಹತ್ತು ನಿಮಿಷ ಮುಂದಿದೆ ಎಂಬುದು ಗೊತ್ತು. ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದುಕೊಂಡು ಆರಾಮವಾಗಿ ಹೊರಡುತ್ತಾರೆ. ಗೊತ್ತಿಲ್ಲದ ನೆಂಟರು ಮಾತ್ರ ಊಟದ ಎಲೆ ಬಿಟ್ಟೆದ್ದು ಓಡಿ, ಬಸ್ ಸ್ಟ್ಯಾಂಡಿನಲ್ಲಿ ಕೈ ಒರೆಸಿಕೊಳ್ಳುತ್ತ ಕಾಯುತ್ತಾರೆ. "ಗಡಿಯಾರ ತಪ್ಪೈತಲ್ಲ ಚಿಕ್ಕಪ್ಪ" ಎಂದರೆ ಅವರಿಗೆ ರೇಗುತ್ತದೆ. "ತಪ್ಪಲ್ಲಮ್ಮ, ಮುಂದೈತೆ" ಎನ್ನುತ್ತಾರೆ.

ಇಂಥ ಗಂಡನ ಜೊತೆ ಸಂಸಾರ ಮಾಡಿದ ನನ್ನ ಚಿಕ್ಕಮ್ಮನ ಬಗ್ಗೆ ಹೇಳದಿದ್ದರೆ ಹೇಗೆ? ಆಕೆ ಹಾಡುಗಾರ್ತಿ. ಸೋಬಾನೆ, ಬೀಸುವ ಪದ, ತೊಟ್ಟಿಲ ಪದ, ತವರಿನಿಂದ ಬರುವಾಗ ತಂದ ಯಾವುದನ್ನೂ ಮರೆತವರಲ್ಲ. ಮದುವೆ ಮನೆಗಳಲ್ಲಿ ಹೆಣ್ಣುಮಕ್ಕಳು ಬಂದು, "ಅದನ್ನೊಂದು ಹೇಳಿಕೊಡ್ರಿ ಅಕ್ಕ" ಎಂದು ಸುತ್ತ ಕೂರುತ್ತಿದ್ದರು. ಇದನ್ನು ನೋಡಿ ನೋಡಿ ಚಿಕ್ಕಪ್ಪ ಅಡುಗೆಮನೆಯ ಕಂಪ್ಯೂಟರಿಗೊಂದು ಮೈಕು ಸಿಕ್ಕಿಸಿದರು. ಮಧ್ಯಾಹ್ನ ಪಾತ್ರೆಯ ಕೆಲಸ ಮುಗಿದ ಮೇಲೆ ಚಿಕ್ಕಮ್ಮ ಅದರ ಮುಂದೆ ಕೂತು ಒಂದೊಂದೇ ಪದ ಹಾಡಿ ತುಂಬಿಸುವುದು ರೂಢಿಯಾಯಿತು. ಆಕೆ ಪಾಸ್‌ವರ್ಡ್ ಇಟ್ಟುಕೊಳ್ಳುವಾಗ ಚಿಕ್ಕಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದರಂತೆ.

"ನೀವೂ ನೋಡಬಾರದಾ?" ಎಂದು ಚಿಕ್ಕಮ್ಮ ಕೇಳಿದ್ದಕ್ಕೆ, "ನಾನೂ ನೋಡಬಾರದು. ನಿನ್ನ ಹಾಡಿಗೆ ನಿನ್ನ ಬೀಗ. ಅದರ ಕೀಲಿ ನನ್ನ ಹತ್ರಾನೂ ಇರಲ್ಲ" ಎಂದರಂತೆ.

"ಇಷ್ಟು ವರ್ಷಕ್ಕೆ ನಂದು ಅಂತ ಒಂದು ಬೀಗ ಮಾಡಿಕೊಟ್ಟಾರೆ ನೋಡೇ" ಎಂದು ಚಿಕ್ಕಮ್ಮ ನನ್ನೆದುರು ನಕ್ಕಿದ್ದರು. ನಗುವಿನ ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಕಳೆದ ವರ್ಷ ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಬಲಗೈ ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ದುರ್ಗದ ಆಸ್ಪತ್ರೆಯಿಂದ ಮನೆಗೆ ಬಂದಾಗ ನಾವು ಹೇಳುವುದೆಲ್ಲ ಆಕೆಗೆ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ಬರೀ ಉಸಿರು. ಮಾತು ಕಲಿಸುವ ಡಾಕ್ಟರಮ್ಮ ಮಾತ್ರ ಒಂದು ದಾರಿ ಹೇಳಿದ್ದರು: ಎಷ್ಟೋ ಜನಕ್ಕೆ ಮಾತು ಹೋದರೂ ಹಾಡು ಉಳಿದಿರುತ್ತದೆ, ಆಕೆಯದೇ ಹಾಡುಗಳಿದ್ದರೆ ದಿನಾ ಕೇಳಿಸಿ, ಜೊತೆಗೆ ದನಿ ಹೊರಡಬಹುದು, ತಡಮಾಡಬೇಡಿ.

ಹಾಡುಗಳಿದ್ದವು. ಬೀಗದ ಒಳಗಿದ್ದವು.

ಚಿಕ್ಕಮ್ಮನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರಂತೆ. ಆಕೆ ಎಡಗೈಯ ಒಂದು ಬೆರಳಿನಿಂದ ಹುಡುಕಿ ಹುಡುಕಿ ಪಾಸ್‌ವರ್ಡ್ ಒತ್ತಿದರು. ಲಾಗಿನ್ ಆಗಲಿಲ್ಲ. ಮತ್ತೆ ಒತ್ತಿದರು. ಆಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಆಕೆ ಕೀಬೋರ್ಡನ್ನು ಎಡಗೈಯಿಂದ ದೂರ ತಳ್ಳಿ, ಸೆರಗು ಬಾಯಿಗೆ ಹಿಡಿದುಕೊಂಡು ಎದ್ದರಂತೆ. ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಅವರ ಮಗಳು ಶಶಿ ಫೋನ್ ಮಾಡಿದಳು. "ಅಕ್ಕ, ಅಪ್ಪ ಒಂದೇ ಸಮನೆ ವೈರು ಬಿಚ್ಚಾದು, ವೈರು ಹಾಕಾದು ಮಾಡ್ತಾ ಕುಂತಾರೆ. ನಾನು ಹೇಳಿದ್ರೆ ಕೇಳಲ್ಲ. ನೀನೊಂದಪ ಬಾ, ಒಂದೇ ಸಲ." ಶಶಿ ಅಪ್ಪನ ಡೊಮೈನಿನಿಂದ ಎಂದೋ ಬಿಡುಗಡೆ ಪಡೆದವಳು. ಅವಳ ಕೆಲಸವೆಲ್ಲ ಮೊಬೈಲಿನಲ್ಲೇ.

ಭಾನುವಾರ ಬೆಳಿಗ್ಗೆ ಹೋದೆ. ಅಡುಗೆಮನೆಯ ಮೂಲೆಯಲ್ಲಿ ಚಿಕ್ಕಮ್ಮ ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎಡಗೈ ಚಾಚಿದರು. ನಾನು ಹಿಡಿದುಕೊಂಡೆ. ಕೆಳಗೆ ನೆಲದ ಮೇಲೆ ಚಿಕ್ಕಪ್ಪ, ಸುತ್ತ ನೀಲಿ ವೈರುಗಳ ರಾಶಿ. "ಎಲ್ಲಾ ಈ ವೈರಿಂದೇ ದೋಷ! ದರಿದ್ರದ್ದು! ಇವಳದೇನೂ ತಪ್ಪಿಲ್ಲ, ಈ ವೈರು ಮಾಡಿದೋನ ಕೈ ಸೇದೋಗ" ಎಂದು ಜೋರಾಗಿ ಬಯ್ಯುತ್ತಿದ್ದರು. ಬೀದಿಗೆ ಕೇಳಿಸುವಂತಿತ್ತು.

ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಬೇರೆಯದನ್ನೇ ಹೇಳಿದರು.

"ವೈರು ಸರಿಯಾಗೇ ಐತಮ್ಮ. ಸರ್ವರೂ ಸರಿ ಐತೆ, ನಾನು ಒಳಗೆ ಕುಂತ್ಕಂಡು ದಿನಾ ಲಾಗಿನ್ ಆಗ್ತೀನಿ. ಇವಳಿಗೇ ಮರ್ತೋಗೈತೆ." ಅವರ ಕೈಯಲ್ಲಿ ಒಂದು ವೈರಿನ ತುಂಡು ಇನ್ನೂ ಇತ್ತು. "ಪಾಸ್‌ವರ್ಡ್ ಒಂದೇ ಮರ್ತೋಗಿದ್ರೆ ಹಾಳಾಗ್ಲಿ ಅನ್ಬೋದು. ಇನ್ನೇನೇನು ಮರ್ತೋಗೈತೋ! ನಾನು ಯಾರು ಅಂಬೋದಾದ್ರೂ ನೆನಪೈತೋ ಇಲ್ವೋ, ಕೇಳಾಕೆ ಹೆದರಿಕೆ ಆಗ್ತದೆ. ಅವಳಿಗೆ ತಿಳಿಬಾರದು ಅಂತ ವೈರಿನ ಮೇಲೆ ಹಾಕ್ತಿದೀನಿ."

"ನೀವೇ ಹೊಸ ಪಾಸ್‌ವರ್ಡ್ ಹಾಕಿಕೊಡಿ."

"ಹಾಕ್ಬೋದು. ಆದ್ರೆ ಹಾಡಿನ ಬೀಗ ಅವಳ ಹಳೇ ಪಾಸ್‌ವರ್ಡಿಗೇ ಬಿಚ್ಚೋದು, ಹೊಸದು ಹಾಕಿದ್ರೆ ತಿರುಗಾ ಬಿಚ್ಚಲ್ಲ. ಹಾಡೆಲ್ಲ ಒಳಗೇ ಸಾಯ್ತವೆ. ನಾನೇ ಹಂಗೆ ಮಾಡಿಟ್ಟೀನಿ ಪಾಪಿ."

ಜೀವಮಾನವೆಲ್ಲ ಯಾರನ್ನೂ ನಂಬದ ಮನುಷ್ಯ ಈಗ ತನ್ನ ಯಂತ್ರವನ್ನು ನಂಬಿ ಕೂತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಂತ್ರದ ಮೇಲೆ ಅಷ್ಟು ನಂಬಿಕೆ, ಹೆಂಡತಿಯ ಮೇಲೆ ಇಲ್ಲವೇ?

"ಅಡುಗೆಮನೆ ಕಂಪ್ಯೂಟರಿನೊಳಗೆ ನೀವು ನಿಮ್ಮ ಹೆಸರಿಂದ ಹೋಗಿ ನೋಡಿದ್ರಾ?" ಎಂದೆ.

"ಅದು ಅವಳದು. ಒಂದು ಹಳಿಗೆ ಒಂದೇ ಗಾಡಿ" ಎಂದರು.

ನಾನು ಒಳಗೆ ಬಂದೆ. ರಜೆಗೆ ಬಂದಾಗ ಬಳಸಲೆಂದು ನನಗೂ ಒಂದು ಖಾತೆ ಮಾಡಿಕೊಟ್ಟಿದ್ದರು. ಚಿಕ್ಕಮ್ಮನ ಕಂಪ್ಯೂಟರಿನಲ್ಲೇ ಕೂತು ನನ್ನ ಹೆಸರು, ನನ್ನ ಪಾಸ್‌ವರ್ಡ್ ಒತ್ತಿದೆ. ಲಾಗಿನ್ ಆಗಲಿಲ್ಲ! ಇನ್ನೊಮ್ಮೆ ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಆಗಲಿಲ್ಲ. ನನಗೇನು ಲಕ್ವ ಹೊಡೆದಿತ್ತೇ?

"ಚಿಕ್ಕಪ್ಪ, ಇಲ್ಲಿ ಬರ್ರಿ" ಎಂದು ಕೂಗಿದೆ. "ನನ್ನನ್ನೂ ಬಿಡ್ತಿಲ್ಲ. ಚಿಕ್ಕಮ್ಮಂಗೆ ಮರೆತಿಲ್ಲ!"

ಅವರು ಬಂದವರು ಬಾಗಿಲಲ್ಲೇ ನಿಂತರು. ನಂತರ ರಾಗಿ ಕೋಣೆಗೆ ಓಡಿದರು. ಹಿಂದೆಯೇ ನಾನೂ ಶಶಿಯೂ. ಸರ್ವರ್ ತನಗೆ ತೊಂದರೆ ಬಂದಾಗಲೆಲ್ಲ ಏನು ತೊಂದರೆಯೆಂದು ಒಳಗೆ ದಾಖಲಿಸಿಕೊಳ್ಳುತ್ತದಂತೆ. ಅವರು ಅದನ್ನು ತೆರೆದರು. ಪ್ರತಿ ಸಾಲಿನಲ್ಲೂ ಒಂದೇ ದೂರು: ಸರ್ವರಿನ ಸಮಯಕ್ಕೂ ಅಡುಗೆಮನೆಯ ಕಂಪ್ಯೂಟರಿನ ಸಮಯಕ್ಕೂ ಹೊಂದುತ್ತಿಲ್ಲ.

"ಇದನ್ನು ನೀವು ನೋಡಿರಲಿಲ್ವಾ?"

"ದಿನಾ ನೋಡೀನಿ. ಅಡುಗೆಮನೇದು ಹತ್ತು ನಿಮಿಷ ಹಿಂದೆ ಓಡ್ತೈತೆ ಅಂತ ಬಿಟ್ಟಿದ್ದೆ."

ಹಿಂದೆ! ಶಶಿ ಹಣೆ ಚಚ್ಚಿಕೊಂಡಳು. ಅಡುಗೆಮನೆಯದು ಇಂಟರ್‌ನೆಟ್ಟಿನಿಂದ ಸಮಯ ತೆಗೆದುಕೊಂಡು ಲೋಕದ ಜೊತೆ ಸರಿಯಾಗಿ ನಡೆಯುತ್ತಿತ್ತು. ಎಲ್ಲರೂ ಆಸ್ಪತ್ರೆಯಲ್ಲಿದ್ದಾಗ ಇಲ್ಲಿ ಕರೆಂಟು ಹೋಗಿ, ಸರ್ವರಿನ ಒಳಗಿನ ಪುಟ್ಟ ಬ್ಯಾಟರಿ ಸತ್ತು, ಅದರ ಗಡಿಯಾರ ಕೆಟ್ಟು ಕೂತಿತ್ತು. ಮನೆಗೆ ಬಂದ ದಿನ ಚಿಕ್ಕಪ್ಪ ಬ್ಯಾಟರಿ ಬದಲಾಯಿಸಿ, ಗೋಡೆ ಗಡಿಯಾರ ನೋಡಿಕೊಂಡು, ಕೈಯಾರೆ ಸಮಯ ತುಂಬಿಸಿದ್ದರು. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಸರ್ವರ್ ಯಾರೋ ಮೋಸಗಾರ ಬಂದನೆಂದು ಬಾಗಿಲು ಹಾಕಿಕೊಳ್ಳುತ್ತದೆ ಎಂದು ಶಶಿ ಮೊಬೈಲಿನಲ್ಲಿ ಹುಡುಕಿ ಓದಿದಳು. ಒಳಗೆ ಕೂತ ಚಿಕ್ಕಪ್ಪನ ಲೋಕವೇ ಹತ್ತು ನಿಮಿಷ ಮುಂದಿದ್ದುದರಿಂದ ಅವರಿಗೆ ಎಲ್ಲವೂ ಸರಿಯಾಗೇ ಕಂಡಿತ್ತು.

ಚಿಕ್ಕಪ್ಪ ರಾಗಿಮೂಟೆಯ ಮೇಲೆ ಕುಸಿದು ಕೂತರು. "ಎರಡು ಸ್ಟೇಷನ್ನಿನ ಗಡಿಯಾರ ಹೊಂದದಿದ್ರೆ ಗಾಡಿ ಬಿಡಂಗಿಲ್ಲಮ್ಮ. ಜೀವಮಾನ ಪೂರ್ತಿ ಅದೇ ಕೆಲ್ಸ ಮಾಡೀನಿ" ಎಂದರು. ಮತ್ತೆ ಎದ್ದು ಸರ್ವರಿನ ಸಮಯ ಸರಿ ಮಾಡಿದರು.

ಚಿಕ್ಕಮ್ಮ ಕಂಪ್ಯೂಟರಿನ ಮುಂದೆ ಕೂರಲು ಒಪ್ಪಲಿಲ್ಲ. ತಲೆ ಅಲ್ಲಾಡಿಸಿದರು, ಕಣ್ಣಲ್ಲಿ ನೀರು ತಂದುಕೊಂಡರು. ಇನ್ನೊಮ್ಮೆ ಸೋಲಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಚಿಕ್ಕಪ್ಪ ಆಕೆಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತರು.

"ಬಾರೇ, ಒಂದಪ ಹೊಡಿ. ನಿಂದು ಒಂದಕ್ಷರಾನೂ ತಪ್ಪಿರಲಿಲ್ಲ. ನಂದೇ ತಪ್ಪು. ಗಡಿಯಾರ ತಪ್ಪಿಟ್ಟಿದ್ದೆ."

ಗಡಿಯಾರ 'ತಪ್ಪು' ಎಂಬ ಮಾತು ಅವರ ಬಾಯಲ್ಲಿ ಕೇಳಿದ್ದು ನಾನು ಅದೇ ಮೊದಲು. ಚಿಕ್ಕಮ್ಮನಿಗೂ ಹಾಗೆಯೇ ಅನ್ನಿಸಿರಬೇಕು. ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಎಡಗೈಯಿಂದ ಅವರ ಭುಜ ಹಿಡಿದು ಎದ್ದು ಬಂದು ಕೂತು, ಒಂದೇ ಬೆರಳಿನಿಂದ ಒತ್ತಿದರು. ಒಂದು ದೊಡ್ಡಕ್ಷರ, ಚಿಕ್ಕಕ್ಷರಗಳು, ಅಂಕಿ, ಕೊನೆಗೊಂದು ಚಿಹ್ನೆ.

ಬಾಗಿಲು ತೆರೆಯಿತು. ಮೊದಲ ದಿನದಿಂದಲೂ ಆಕೆ ಒತ್ತಿದ್ದೆಲ್ಲ ಸರಿಯೇ ಇತ್ತು! ಶಶಿ ಅಳುತ್ತಲೇ ಒಂದು ಹಾಡು ಹಾಕಿದಳು.

ಚಿಕ್ಕಮ್ಮನ ದನಿ ಅಡುಗೆಮನೆಯ ತುಂಬ ಬಂತು. ಗಟ್ಟಿಯಾದ, ತುಂಬಿದ, ಲಕ್ವ ಹೊಡೆಯುವ ಮೊದಲಿನ ದನಿ. ಆಕೆ ಕಣ್ಣು ಮುಚ್ಚಿ ಕೇಳಿದರು. ತುಟಿ ಅಲುಗುತ್ತಿತ್ತು, ದನಿ ಹೊರಡಲಿಲ್ಲ. ನಾವೆಲ್ಲ ಆ ತುಟಿಯನ್ನೇ ನೋಡುತ್ತ ನಿಂತೆವು. ಒಂದು ನುಡಿ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯ ನುಡಿಯ ನಡುವೆ, ರೆಕಾರ್ಡಿಂಗಿನೊಳಗಿಂದ ಚಿಕ್ಕಪ್ಪನ ಗಂಟಲು ಅಡ್ಡ ಬಂತು.

"ಮೈಕಿಗೆ ಅಷ್ಟು ಹತ್ರ ಹೋಗಬ್ಯಾಡ ಕಣೇ! ಒಂದು ಗೇಣು ಹಿಂದೆ ಕುಂತ್ಕ!"

ಕುರ್ಚಿಯಲ್ಲಿದ್ದ ಚಿಕ್ಕಮ್ಮನ ಹುಬ್ಬು ಗಂಟಾಯಿತು. ಕಣ್ಣು ಮುಚ್ಚಿಕೊಂಡೇ ಇದ್ದವು.

"ಸುಮ್ಕಿರ್ರಿ" ಎಂದರು.

ಅದರ ಹಿಂದೆಯೇ ಕಂಪ್ಯೂಟರಿನೊಳಗಿನ ಚಿಕ್ಕಮ್ಮನೂ ಹಾಗೆಂದರು. ಹಾಡು ಮುಂದುವರಿಯಿತು. ಲಕ್ವ ಹೊಡೆದ ಮೇಲೆ ಆ ಬಾಯಿಂದ ಬಂದ ಮೊದಲ ಮಾತು ಅದು. ಎಡವಿಕೊಂಡು, ಒಂದಿಷ್ಟು ಸೊಟ್ಟಗೆ ಬಂದಿತ್ತು, ಆದರೆ ಮಾತಾಗಿತ್ತು. ಆಕೆಯೇ ಬೆಚ್ಚಿ ಕಣ್ಣು ತೆರೆದು ನಮ್ಮನ್ನು ನೋಡಿದರು.

ಚಿಕ್ಕಪ್ಪ ಮೂಗೊರೆಸಿಕೊಂಡು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಶಶಿಯ ಕಡೆ ಕೈ ಮಾಡಿ, "ನಾನು ಅಡ್ಡ ಬಾಯಿ ಹಾಕಿದ್ದು ಎಲ್ಲೈತೆ, ಅಲ್ಲಿಂದ ಇನ್ನೊಂದಪ ಹಾಕಮ್ಮ" ಎಂದರು.