ಚೊಚ್ಚಲ ಆಲ್ಬಮ್‌ಗೆ ಬೇಕಾದ ಕೋಪ

ಗಡಿಯಾರ ರಿಪೇರಿಯವನಿಗೆ ಕೋಪವೇ ಬರುವುದಿಲ್ಲ ಎಂಬುದು ಅವನ ಬ್ಯಾಂಡಿನ ಪಾಲಿಗೆ ಮಹಾ ಗಂಡಾಂತರವಾಗಿ ಪರಿಣಮಿಸಿತು.

ಬ್ಯಾಂಡಿನಲ್ಲಿದ್ದವರು ಇಬ್ಬರೇ. ಕ್ಷೌರದಂಗಡಿಯವನು ಡ್ರಮ್ ಬಾರಿಸುತ್ತಿದ್ದ, ಇವನು ಗಿಟಾರ್ ನುಡಿಸಿ ಹಾಡುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಅಭ್ಯಾಸ ಮಾಡಿದ ಮೇಲೆ ಚೊಚ್ಚಲ ಆಲ್ಬಮ್‌ಗೆ ಕಾಲ ಕೂಡಿಬಂದಿತ್ತು. ಆಲ್ಟರ್ನೇಟಿವ್ ರಾಕ್ ಆದ್ದರಿಂದ ಎಂಟು ಹಾಡುಗಳಲ್ಲೂ ಸಿಟ್ಟೋ ಸಿಟ್ಟು. ಮೊದಲನೆಯದರ ಹೆಸರೇ ‘ಈ ಗೋಡೆ ಕೆಡವುತ್ತೇನೆ’. ಇವನು ಹಾಡಿದರೆ ಮಾತ್ರ ಗೋಡೆಯ ಅನುಮತಿ ಕೇಳಿದಂತಿರುತ್ತಿತ್ತು.

“ಗಿಟಾರ್ ರೆಕಾರ್ಡ್ ಆಯ್ತು. ಭಾನುವಾರ ಹಾಡು,” ಎಂದ ಕ್ಷೌರದವನು. “ಅಷ್ಟರಲ್ಲಿ ನಿನ್ನ ದನಿಗೆ ಸಿಟ್ಟು ಬರದಿದ್ರೆ ಬೇರೆಯವರ ಕೈಲಿ ಹಾಡಿಸ್ತೀನಿ. ಬೇಜಾರು ಮಾಡ್ಕೋಬೇಡ.”

“ಇಲ್ಲ ಇಲ್ಲ,” ಎಂದ ಇವನು. (ಬೇಜಾರು ಮಾಡಿಕೊಂಡಿದ್ದರೆ ಅರ್ಧ ಕೆಲಸ ಅಲ್ಲೇ ಆಗುತ್ತಿತ್ತು.)

ಹನ್ನೊಂದು ವರ್ಷದ ಆಸೆ ಕೈಬಿಟ್ಟುಹೋಗುತ್ತದೆಂದು ಅವನು ಹೆಂಡತಿಯ ಮುಂದೆ ಹೇಳಿಕೊಂಡ. ಅವಳು ಆಸ್ಪತ್ರೆಯ ಹಿರಿಯ ನರ್ಸು. ನಲವತ್ತು ಹಾಸಿಗೆಗಳನ್ನು ಒಂದೇ ಹುಬ್ಬಿನಲ್ಲಿ ಆಳುವವಳು.

“ಚೊಚ್ಚಲ ಅಂದ್ಮೇಲೆ ಸ್ವಲ್ಪ ಕಷ್ಟ ಆಗೋದೇ,” ಎಂದಳು. “ಎಷ್ಟು ದಿನದಿಂದ ಕೋಪ ಬಂದಿಲ್ಲ?”

“ಮದುವೆ ಆದಾಗಿನಿಂದ.”

“ಅದಕ್ಕೂ ಮುಂಚೆ?”

“ಜ್ಞಾಪಕ ಇಲ್ಲ.”

ಅವಳು ಚಿಕಿತ್ಸೆ ಗೊತ್ತುಮಾಡಿದಳು: ದಿನಕ್ಕೆ ಮೂರು ಬೈಗುಳ, ಊಟದ ನಂತರ. (ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಬಹುದು.)

“ನೀವು ರಿಪೇರಿ ಮಾಡಿದ ಗಡಿಯಾರ ಹೋದ ಜನ್ಮದ ಟೈಮು ತೋರಿಸುತ್ತೆ,” ಎಂದಳು ಸೋಮವಾರ.

“ನಿಜ. ಮೊನ್ನೆ ಒಂದು ಹಾಗೇ ಆಯ್ತು.”

ಮಂಗಳವಾರ ಪ್ರಮಾಣ ಏರಿತು. “ನಿಮ್ಮ ವಂಶದಲ್ಲೇ ಯಾರಿಗೂ ಬೆನ್ನುಮೂಳೆ ಇಲ್ಲ.”

“ಅಣ್ಣನೂ ಸೊಂಟನೋವು ಅಂತಿದ್ದ.”

ಬುಧವಾರ ಅವನ ಭೂತಗನ್ನಡಿ ಬಚ್ಚಿಟ್ಟಳು. ಕಣ್ಣಿಗೆ ವಿಶ್ರಾಂತಿ ಸಿಕ್ಕಿತೆಂದು ಅವನು ಉಪಕಾರ ಸ್ಮರಿಸಿದ. ಶುಕ್ರವಾರ ಮುಕ್ಕಾಲು ಗಂಟೆ ಬಿಡದೆ ಅವನ ಗ್ರಹಚಾರ ಬಿಡಿಸಿದಳು. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿ, “ಗಂಟಲು ಒಣಗಿರಬೇಕು, ನೀರು ತರಲಾ?” ಎಂದ.

“ಇಷ್ಟು ಬೈಸ್ಕೊಂಡು ನೀರು ತರೋ ಮನುಷ್ಯನ ಜೊತೆ ಹದಿನೆಂಟು ವರ್ಷ ಸಂಸಾರ ಮಾಡಿದ್ನಲ್ಲ,” ಎಂದಳು ಅವಳು. ಕಿಟಕಿಯ ಗಾಜು ನಡುಗಿತು. ಆ ದಿನ ರಕ್ತದೊತ್ತಡ ಏರಿದ್ದು ನರ್ಸಿಗೆ.

ಭಾನುವಾರ ಅವಳೂ ರೆಕಾರ್ಡಿಂಗಿಗೆ ಹೋದಳು. ಅವನು ಮೂರು ಸಲ ಗೋಡೆ ಕೆಡವಿದ. ಮೂರು ಸಲವೂ ಗೋಡೆಗೆ ನಿದ್ದೆ ಬಂತು. ಕ್ಷೌರದವನು ಡ್ರಮ್ಮಿನ ಕಡ್ಡಿ ಕೆಳಗಿಟ್ಟ.

“ರೀ, ಗೋಡೆ ಕೆಡವೋರು ಹೀಗಾ ನಿಲ್ಲೋದು? ಸರೀರಿ ಆಚೆ,” ಎಂದು ಅವಳು ಮೈಕಿನ ಮುಂದೆ ಬಂದು, ಹೇಗೆಂದು ತೋರಿಸಲು ಎರಡು ಸಾಲು ಹಾಡಿದಳು. ಕ್ಷೌರದವನು ಕಡ್ಡಿ ಎತ್ತಿಕೊಂಡು ಬಾರಿಸತೊಡಗಿದ; ಅವಳು ನಿಲ್ಲಿಸಲಿಲ್ಲ. ಹಾಡು ಮುಗಿದಾಗ ಕೈಮುಗಿದ. “ಅತ್ತಿಗೆ, ಉಳಿದ ಏಳೂ ಹಾಡಿಬಿಡಿ.” ಆಮೇಲೆ ಇವನಿಗೆ, “ನೀನು ಸ್ವಲ್ಪ ಹೊರಗೆ ನಿಂತ್ಕೋ. ಉಸಿರಾಡೋದು ಕೇಳಿಸ್ತಿದೆ.”

ಗಾಜಿನ ಗೋಡೆಯ ಆಚೆ ನಿಂತು ತಾನೇ ಬರೆದ ಹಾಡುಗಳನ್ನು ಹೆಂಡತಿಯ ಬಾಯಿಗೆ ಒಪ್ಪಿಸಿದ ಮೇಲೆ, ಅವನ ಅಂಗಾಲಿನಿಂದ ಏನೋ ಏಳತೊಡಗಿತು. ಮೊಣಕಾಲು ದಾಟಿತು, ಎದೆ ದಾಟಿತು. ನಲವತ್ತಾರು ವರ್ಷದ ಕೋಪ ಒಟ್ಟಿಗೆ ಬಂದು ಬಾಯಿ ತೆರೆಸಿತು. ಅವನು ಗಾಜು ಗುದ್ದಿ ಗರ್ಜಿಸಿದ. ಕುತ್ತಿಗೆಯ ನರಗಳೆಲ್ಲ ಎದ್ದು ನಿಂತವು. ರಾಕ್ ಸಂಗೀತ ಬಯಸುವ ರುದ್ರಕೋಪ ಅದೇ.

ಗಾಜು ಒಳ್ಳೆಯ ದರ್ಜೆಯದು. ಒಂದಕ್ಷರವೂ ಒಳಗೆ ಹೋಗಲಿಲ್ಲ. ಗಂಡ ಹುರಿದುಂಬಿಸುತ್ತಿದ್ದಾನೆಂದು ಹೆಂಡತಿ ಕೈಬೀಸಿ, ದನಿಯನ್ನು ಇನ್ನೊಂದು ಮೆಟ್ಟಿಲು ಏರಿಸಿದಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ರೆಕಾರ್ಡಿಂಗಿನವನು ಇವನತ್ತ ತಿರುಗಿ, ಮುಖ ಚೆನ್ನಾಗಿದೆಯೆಂದು ಒಂದು ಫೋಟೋ ತೆಗೆದ.

ಆಲ್ಬಮ್ ಹೊರಬಂತು. ಎಂಟೂ ಹಾಡು ಅವಳವು; ಮುಖಪುಟದ ತುಂಬ ಇವನ ಬಾಯಿ.

ಒಂದು ಪ್ರತಿಯನ್ನು ಅವನು ಅಂಗಡಿಯ ಕಪಾಟಿನಲ್ಲಿ, ಗಡಿಯಾರಗಳ ನಡುವೆ ನಿಲ್ಲಿಸಿದ್ದಾನೆ. ಮೊನ್ನೆ ವಾಚಿಗೆ ಪಟ್ಟಿ ಹಾಕಿಸಲು ಬಂದ ನಿವೃತ್ತ ಮೇಷ್ಟ್ರು ಬಗ್ಗಿ ಬಗ್ಗಿ ನೋಡಿದರು.

“ಪಾಪ. ಹಲ್ಲುನೋವಾ?”

“ಹೌದು,” ಎಂದ ಅವನು. “ಈಗ ಪರವಾಗಿಲ್ಲ.”