ಹಾವಗೆಪ್ಪ ವಿಲಾಯತಿಗೆ ಹೋಗಲಿಲ್ಲ

ಭಾಲ್ಕಿಯ ಹತ್ತಿ ವ್ಯಾಪಾರಿ ಹಾವಗೆಪ್ಪನ ಮಾನ ಹೋದದ್ದು ಆಲೂಗಡ್ಡೆಯಿಂದ.

ಹೆಂಡತಿ ಕಸ್ತೂರಿಬಾಯಿಯೊಂದಿಗೆ ಯುರೋಪು ಸುತ್ತಿ, ಅವನು ಆ ದಿನ ಬೆಳಿಗ್ಗೆಯಷ್ಟೇ ಬೀದರ ಕಡೆಯಿಂದ ಬಂದ ರೈಲಿನಿಂದ ಇಳಿದಿದ್ದ. ತಲೆಯ ಮೇಲೆ ರುಮಾಲಿನ ಜಾಗದಲ್ಲಿ ಹ್ಯಾಟು, ಕೈಯಲ್ಲಿ ಬೆಳ್ಳಿ ಹಿಡಿಕೆಯ ಬೆತ್ತ, ಮುಖದ ಮೇಲೆ ಇಡೀ ಊರನ್ನು ಕ್ಷಮಿಸಿಬಿಟ್ಟವನ ಗಾಂಭೀರ್ಯ. ಭಾಲ್ಕಿಗೆ ರೈಲು ಬಂದು ಇನ್ನೂ ಎರಡು ಮಳೆಗಾಲ ಕಳೆದಿರಲಿಲ್ಲ. ಊರಿನ ಬಹುಪಾಲು ಜನ ಅದನ್ನು ನೋಡಲು ಹೋಗುತ್ತಿದ್ದರೇ ಹೊರತು ಹತ್ತಲು ಹೋಗುತ್ತಿರಲಿಲ್ಲ. ಅಂಥ ಕಾಲದಲ್ಲಿ ಇವನು ಮುಂಬಯಿಯಿಂದ ಹಡಗು ಹತ್ತಿ, ಇಟಲಿಯಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಊರೂರು ತಿರುಗಿ ಬಂದಿದ್ದ. ಜ್ಞಾನದ ಹಸಿವಿನಿಂದ ಹೋದವನೇನಲ್ಲ. ಉದಗೀರಿನ ಇನ್ನೊಬ್ಬ ಹತ್ತಿ ವ್ಯಾಪಾರಿ ಕಾಶಿಗೆ ಹೋಗಿ ಬಂದು ಎದೆ ಉಬ್ಬಿಸಿ ಓಡಾಡುತ್ತಿದ್ದ. ಅವನಿಗಿಂತ ದೂರದ ಜಾಗ ಒಂದು ಬೇಕಾಗಿತ್ತು, ಅಷ್ಟೆ.

ಅಂಗಡಿಯ ಗಾದಿಯ ಮೇಲೆ ಅವನು ಕೂತನೋ ಇಲ್ಲವೋ, ಓಣಿಯ ಜನ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಸುತ್ತುವರಿದರು. ಪಕ್ಕದ ಕಿರಾಣಿ ಅಂಗಡಿಯ ಮಡೆಪ್ಪ ತನ್ನ ಗಿರಾಕಿಗಳನ್ನು ಬಿಟ್ಟು ಎಲ್ಲರಿಗಿಂತ ಮುಂದೆ ಬಂದು ಕೂತ.

"ಸಾವಕಾರ್ರೆ, ಅಲ್ಲಿ ಊಟಕ್ಕ ಏನಿರ್ತದ್ರಿ?" ಎಂದು ಕೇಳಿದ.

"ಆಲೂಗಡ್ಡಿ," ಎಂದ ಹಾವಗೆಪ್ಪ.

"ಮತ್ತ?"

"ಬ್ರೆಡ್ಡು. ನಾವು ಮಾಂಸ ಮುಟ್ಟವರಲ್ಲ ನೋಡು. ಮರುದಿನ ಮತ್ತ ಆಲೂಗಡ್ಡಿ."

ಜನರ ಮುಖ ಸಪ್ಪಗಾಯಿತು. ಇಲ್ಲಿ ಒಂದು ಮಾತು ಹೇಳಬೇಕು. ತಕ್ಕಡಿ ಕೈಯಲ್ಲಿ ಇಲ್ಲದಾಗ ಹಾವಗೆಪ್ಪ ಸುಳ್ಳು ಹೇಳುವವನಲ್ಲ. ಸಮುದ್ರದ ಆಚೆ ಹೋದ ಮನುಷ್ಯ ಕನಿಷ್ಠಪಕ್ಷ ಮುತ್ತಿನ ಪಲ್ಯವನ್ನಾದರೂ ತಿಂದು ಬರಬೇಕೆಂದು ಊರು ಬಯಸುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

"ಹೋಗ್ಲಿ, ನೋಡಿದ್ದು ಏನ್ರಿ?"

"ಹಳೇ ಊರು. ನಾವು ಅವಸರ ಮಾಡಲಿಲ್ಲ. ಒಂದು ಊರಾಗ ಇಳಿಯೋದು, ಆರಾಮ ಅಡ್ಡಾಡೋದು, ಮನಸ್ಸು ಬಂದಾಗ ಮುಂದಿನ ಗಾಡಿ ಹತ್ತೋದು. ಹಳೇ ಕಿಲ್ಲಾ, ಹಳೇ ಗೋಡಿ, ಸತ್ತ ರಾಜರ ಗೋರಿ, ಎಲ್ಲಾ ನೋಡಿದಿವಿ."

ಮಡೆಪ್ಪ ಹಿಂದೆ ತಿರುಗಿ ಎಲ್ಲರ ಮುಖ ನೋಡಿದ. ಆಮೇಲೆ ಬಹಳ ಮರುಕದಿಂದ ಹೇಳಿದ: "ಗೋರಿ ನೋಡ್ಲಿಕ್ಕ ಸಮುದ್ರ ಯಾಕ ದಾಟಿದ್ರಿ? ಬೀದರಕ್ಕ ಹೋಗಿದ್ರ ಸಂಜಿ ಊಟಕ್ಕ ಮನಿಗೆ ಬರ್ತಿದ್ರಿ."

ಹಾವಗೆಪ್ಪ ತಾಳ್ಮೆ ತಂದುಕೊಂಡು ಚೀಲದಿಂದ ಚಿತ್ರದ ಕಾರ್ಡುಗಳನ್ನು ತೆಗೆದ. ಮೊದಲನೆಯದು ವೆನಿಸ್ ನಗರದ್ದು.

"ಇದು ನೋಡ್ರಿ. ಓಣಿ ತುಂಬ ನೀರು."

"ಕೆರಿ ಒಡದಿತ್ತೇನ್ರಿ?"

"ಇಲ್ಲ. ಯಾವಾಗಲೂ ಹಿಂಗೇ. ಮನಿಂದ ಮನಿಗೆ ದೋಣ್ಯಾಗ ಹೋಗ್ತಾರ."

"ಮತ್ತ ಎಮ್ಮಿ ಎಲ್ಲಿ ಕಟ್ತಾರ?"

ಹಾವಗೆಪ್ಪ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಅವನು ಅಲ್ಲಿ ಎಮ್ಮೆಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆ ಒಂದು ಕ್ಷಣದ ತಡವರಿಕೆಯನ್ನು ಜನ ಗಮನಿಸಿದರು. ಗಡಿಬಿಡಿಯಲ್ಲಿ ಅವನು ಪೀಸಾದ ಗೋಪುರದ ಕಾರ್ಡನ್ನು ಮುಂದೆ ಹಿಡಿದ. ಗೋಪುರ ಕಟ್ಟಿದಾಗಿನಿಂದಲೂ ವಾಲಿಕೊಂಡೇ ನಿಂತಿದೆ, ಬಿದ್ದಿಲ್ಲ ಎಂದ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಜನ ತಾವಾಗಿಯೇ ದಾರಿ ಬಿಟ್ಟರು. ಬಂದವನು ದರ್ಜಿ ಹುಸೇನ.

ದೊಡ್ಡ ಯುದ್ಧದ ಕಾಲದಲ್ಲಿ ಹೇಸರಗತ್ತೆಗಳಿಗೆ ಹುಲ್ಲು ಹಾಕುವ ಕೆಲಸಕ್ಕೆಂದು ಸಮುದ್ರದಾಚೆಯ ಬಸರಾಕ್ಕೆ ಹೋಗಿ ಬಂದಿದ್ದ ಈ ಹುಸೇನ, ಪರದೇಶದ ವಿಷಯದಲ್ಲಿ ಭಾಲ್ಕಿಗೆ ಇದ್ದ ಏಕೈಕ ಪಂಡಿತ. ಅವನ ಬಸರಾದಲ್ಲಿ ಮೀನುಗಳು ದಡಕ್ಕೆ ಬಂದು ಸಲಾಮು ಮಾಡುತ್ತಿದ್ದವು. ಈ ಬಗ್ಗೆ ಊರಿನಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಹುಸೇನ ಕಾರ್ಡನ್ನು ಬಟ್ಟೆಯ ತುಂಡಿನಂತೆ ಬೆರಳಲ್ಲಿ ಉಜ್ಜಿ ನೋಡಿದ. "ಇಂಥವು ಬಂಬೈ ಬಂದರದಾಗ ರಾಶಿ ಹಾಕಿ ಮಾರ್ತಾರ," ಎಂದ. "ಗೋಪುರ ವಾಲಿಲ್ಲ. ಫೋಟೋ ತೆಗದವ ವಾಲ್ಯಾನ."

ಅಲ್ಲಿಗೆ ಮುಗಿಯಿತು. ಹಾವಗೆಪ್ಪ ಕೊನೆಗೆ ತನ್ನ ಪಾಸಪೋರ್ಟನ್ನೇ ತೆಗೆದು ತೋರಿಸಿದ. ಮಡೆಪ್ಪ ಅದನ್ನು ಮೇಲೆ ಕೆಳಗೆ ಮಾಡಿ ನೋಡಿ, "ಇದರಾಗ ನಿಮ್ಮ ಫೋಟೋ ಅದ. ಊರಿಂದು ಎಲ್ಲಿ ಅದ್ರಿ?" ಎಂದು ಮರಳಿ ಕೊಟ್ಟ.

ಅಂಗಡಿಯ ಹಿಂದಿನ ಒಳಮನೆಯಿಂದ ಹೆಂಗಸರ ನಗು ಕೇಳಿಬರುತ್ತಿತ್ತು. ಎದುರುಮನೆಯ ಗುರಮ್ಮ ಮೊದಲಾಗಿ ಓಣಿಯ ಹೆಂಗಸರೆಲ್ಲ ಕಸ್ತೂರಿಬಾಯಿಯ ಸುತ್ತ ಕೂತಿದ್ದರು. ಹೊರಗೆ ಮಾತ್ರ ಹುಸೇನ ಹಾವಗೆಪ್ಪನ ಗಾದಿಯ ಮೇಲೆ, ಹಾವಗೆಪ್ಪನ ಲೋಡಿಗೆ ಒರಗಿ, ಹಾವಗೆಪ್ಪನ ಅಡಿಕೆಯನ್ನೇ ಬಾಯಿಗೆ ಹಾಕಿಕೊಂಡು ಬಸರಾದ ಕತೆ ಸುರು ಮಾಡಿದ. ಜನ ಹಾವಗೆಪ್ಪನಿಗೆ ಬೆನ್ನು ಮಾಡಿ ಕೂತರು. ಸಮುದ್ರವನ್ನೂ ಆಲೂಗಡ್ಡೆಯನ್ನೂ ಸಹಿಸಿದ್ದ ಮನುಷ್ಯನಿಗೆ ಇದನ್ನು ಮಾತ್ರ ಸಹಿಸಲಾಗಲಿಲ್ಲ.

"ಅಲ್ಲಿಯ ರೈಲಿನಾಗ ಬಾವಿ ಅದ," ಎಂದ.

ಬೆನ್ನುಗಳು ತಿರುಗಿದವು.

"ಡಬ್ಬಿ ಒಳಗ್ರಿ?"

"ಡಬ್ಬಿ ಒಳಗ. ಮೆಟ್ಟಲಾ ಕಟ್ಯಾರ. ಜನ ಈಸಿ, ಮೈ ಒರಸಿಕೊಂಡು, ಮುಂದಿನ ಟೇಶನ್ನಿಗೆ ಇಳೀತಾರ."

"ಅದಕ್ಕೇ ಹೇಳೋದು ನೋಡ್ರಿ," ಎಂದು ಮಡೆಪ್ಪ ಎಲ್ಲರಿಗೂ ತಿಳಿಸಿಕೊಟ್ಟ, "ವಿಲಾಯತಿ ಅಂದ್ರ ಸುಮ್ಮನ ಅಲ್ಲ."

ಹುಸೇನ ಲೋಡಿನಿಂದ ತುಸು ಸರಿದ. ಹಾವಗೆಪ್ಪ ಹ್ಯಾಟು ಸರಿಮಾಡಿಕೊಂಡ. ಸುಳ್ಳು ಇಷ್ಟು ಹಗುರ ಎಂದು ತಿಳಿದಿದ್ದರೆ ಅವನು ಅಷ್ಟು ದೂರ ಹೋಗುತ್ತಲೇ ಇರಲಿಲ್ಲ. ಬಾವಿಯ ಹಿಂದೆ ಬೆಳ್ಳಿಯ ಹಳಿ ಬಂತು, ಹಳಿಯ ಹಿಂದೆ ಹಾಡುವ ಎಂಜಿನ್ನು. ಕೊನೆಗೆ ಅಲ್ಲಿಯ ಎಲ್ಲ ರೈಲುಗಳ ಮೇಲಿನ ದೊಡ್ಡ ಸಾಹೇಬನೇ ಬಂದು ಎದುರಿನ ಬೆಂಚಿನ ಮೇಲೆ ಕೂತು, ಹಾವಗೆಪ್ಪನಿಗೆ ತನ್ನ ಕೈಯಾರೆ ಚಹಾ ಸುರಿದು ಕೊಟ್ಟ.

ಅದು ಸಂತೆಯ ದಿನ. ಔರಾದ ಕಡೆಯ ಜನವೂ ಬಂದಿದ್ದರು. ಅವರಲ್ಲಿ ಎಕಂಬಾ ಹಳ್ಳಿಯ ಶಿವರಾಜಪ್ಪ ಎಂಬ ದೊಡ್ಡ ರೈತನೊಬ್ಬ ಜನ ಸೇರಿದ್ದು ನೋಡಿ ನಿಂತಿದ್ದ. ರೈಲು ಬೀದರಕ್ಕೆ ಬಂತು, ಭಾಲ್ಕಿಗೆ ಬಂತು, ಔರಾದನ್ನು ಮಾತ್ರ ಮೂಸಿಯೂ ನೋಡದೆ ಉದಗೀರಿಗೆ ಹೋಯಿತು ಎಂಬುದು ಆ ಕಡೆಯವರ ಎದೆಯಲ್ಲಿ ಮುರಿದ ಮುಳ್ಳು. ಶಿವರಾಜಪ್ಪ ಕೈಮುಗಿದು ಮುಂದೆ ಬಂದ.

"ಶರಣಾರ್ಥಿ ಸಾವಕಾರ್ರಿಗೆ. ಆ ಸಾಹೇಬರ ಕಿವಿಗೆ ನಮ್ಮ ಔರಾದದ ಸುದ್ದಿ ಹಾಕಿದ್ರೇನ್ರಿ?"

ಇಷ್ಟು ಜನರ ಎದುರು ಇಲ್ಲ ಎನ್ನುವುದು ಹೇಗೆ? "ಹಾಕಿದೆ," ಎಂದ ಹಾವಗೆಪ್ಪ.

"ಏನಂದ್ರು?"

"ನೋಡೋಣ ಅಂದ್ರು." ಶಿವರಾಜಪ್ಪನ ಮುಖ ಬಾಡಿದ್ದನ್ನು ಕಂಡು, "ಹಳಿ ಹಾಕೋಣ ಅಂದ್ರು," ಎಂದು ತಿದ್ದಿಕೊಂಡ.

ಸುದ್ದಿ ಸಂತೆಗೆ ಬೆಂಕಿಯಂತೆ ಹಬ್ಬಿತು. ಹಾವಗೆಪ್ಪನ ಕೊರಳಿಗೆ ಸಂತೆಯಲ್ಲಿದ್ದ ಅಷ್ಟೂ ಚೆಂಡುಹೂವು ಬಿತ್ತು. ಅವನು ಹೂವಿನ ನಡುವಿನಿಂದ ಸುಖವಾಗಿ ಉಸಿರಾಡುತ್ತಿರುವಾಗ ಶಿವರಾಜಪ್ಪ ಇನ್ನೊಂದು ಪ್ರಶ್ನೆ ಕೇಳಿದ: "ಟೇಶನ್ ಎಕಂಬಾದಾಗೇ ಅಲ್ರಿ?"

"ಹೌದು," ಎಂದ ಹಾವಗೆಪ್ಪ. ಒಮ್ಮೆ ಕೊಡಲು ಸುರು ಮಾಡಿದವನಿಗೆ ಒಂದು ಟೇಶನ್ನು ಹೆಚ್ಚೇನಲ್ಲ.

ಆದರೆ ಹಿಂದೆಯೇ ಔರಾದ ಪೇಟೆಯವರು ನಿಂತಿದ್ದರು. ಟೇಶನ್ನು ಪೇಟೆ ಬಿಟ್ಟು ಹಳ್ಳಿಗೆ ಹೋಗುವುದು ಯಾವ ನ್ಯಾಯ ಎಂದು ಅವರು ಕೇಳಿದರು. ಎಕಂಬಾದವರು, ತಮ್ಮ ಟೇಶನ್ನಿನ ಸುದ್ದಿ ಕೇಳಲು ನೀವ್ಯಾರು ಎಂದರು. ಒಬ್ಬ ಇನ್ನೊಬ್ಬನ ರುಮಾಲು ಎಳೆದ. ಅವನು ಇವನ ಮೆಣಸಿನಕಾಯಿ ಚೀಲವನ್ನು ಒದ್ದ. ಮೆಣಸಿನಪುಡಿಯ ಅಂಗಡಿಯ ಮೇಲೆ ನಾಲ್ಕಾರು ಜನ ಒಟ್ಟಿಗೆ ಬಿದ್ದ ಮೇಲೆ ಯಾರು ಯಾವ ಊರಿನವರೆಂಬುದು ಯಾರಿಗೂ ಕಾಣಿಸದಂತಾಯಿತು. ಕಣ್ಣು ಉಜ್ಜಿಕೊಳ್ಳುತ್ತ, ಸೀನುತ್ತ, ಸಿಕ್ಕವರನ್ನು ಹೊಡೆಯುತ್ತ ಜನ ಇಲ್ಲದ ರೈಲಿನ ಇಲ್ಲದ ಟೇಶನ್ನಿಗಾಗಿ ಮಧ್ಯಾಹ್ನದವರೆಗೆ ಬಡಿದಾಡಿದರು.

ಊರಿನ ಠಾಣೆಯ ಪೊಲೀಸ್ ಅಮೀನ ಮುಜೀಬೋದ್ದೀನ ಸಾಹೇಬರು ಊಟ ಅರ್ಧಕ್ಕೆ ಬಿಟ್ಟು ಬಂದರು. ಆದ್ದರಿಂದ ಅವರ ಮುಖ ಸರಿಯಿರಲಿಲ್ಲ. ಜಗಳ ಯಾರಿಂದ ಎಂದು ಕೇಳಿದ್ದೇ ತಡ, ಅಲ್ಲಿಯವರೆಗೆ ಯಾವುದಕ್ಕೂ ಒಪ್ಪದಿದ್ದ ಔರಾದ ಮತ್ತು ಎಕಂಬಾದವರು ಒಂದೇ ದಿಕ್ಕಿಗೆ ಬೆರಳು ಮಾಡಿದರು. ಮಡೆಪ್ಪ ಸ್ವತಃ ಮುಂದೆ ಬಂದು ಅಂಗಡಿ ತೋರಿಸಿದ.

ಅಮೀನ ಸಾಹೇಬರು ಗಾದಿಯ ಎದುರು ನಿಂತು, ಹೂವಿನ ರಾಶಿಯೊಳಗೆ ಹಾವಗೆಪ್ಪನ ಮುಖವನ್ನು ಹುಡುಕಿದರು.

"ಹಾವಗೆಪ್ಪ ಸಾವಕಾರ, ಸರಕಾರಿ ರೈಲು ಹಂಚ್ಲಿಕ್ಕ ನಿಮಗ ಹುಕುಂ ಯಾರು ಕೊಟ್ಟಾರ?"

"ಹುಜೂರ್, ಅದು ಸುಮ್ಮನ ಮಾತಿಗೆ ಮಾತು..."

"ಪರದೇಶದ ಸಾಹೇಬನ ಕೂಡ ಕೂತು ನಮ್ಮ ಮುಲ್ಕಿನ ರೈಲಿನ ಮಾತಾಡೀರಿ. ಇದು ನನ್ನ ಕೈಯಾಗಿಂದು ಅಲ್ಲ. ಹೈದರಾಬಾದ ಸರಕಾರಕ್ಕ ರಿಪೋರ್ಟು ಹೋಗಬೇಕು. ರಿಪೋರ್ಟಿನ ಕೂಡ ನೀವೂ ಹೋಗಬೇಕು."

ಹಾವಗೆಪ್ಪ ಹೂವಿನೊಳಗಿಂದ ಕೈ ತೆಗೆದು ಮುಗಿದ. "ಹುಜೂರ್, ನಾ ಯುರೋಪಿಗೆ ಹೋಗಿದ್ದು ಖರೇ. ಸಾಹೇಬ ಸಿಕ್ಕಿದ್ದು ಸುಳ್ಳು."

ಅಮೀನ ಸಾಹೇಬರು ಮೀಸೆ ತೀಡಿ ಯೋಚಿಸಿದರು. "ಹೋಗಿದ್ದು ಖರೇ ಇದ್ರ ಸಾಹೇಬನೂ ಖರೇ ಇರಬಹುದು. ಅರ್ಧಾ ಖರೇ ಅಂತ ರಿಪೋರ್ಟು ಬರೀಲಿಕ್ಕ ಬರೋದಿಲ್ಲ. ನೀವು ಹೋಗೇ ಇಲ್ಲ ಅಂದ್ರ ಬ್ಯಾರೆ ಮಾತು. ಬಜಾರದಾಗ ಒಬ್ಬ ಮನುಷ್ಯ ಬಡಾಯಿ ಹೊಡದ, ಜನ ಕೇಳಿದ್ರು. ಅದಕ್ಕ ರಿಪೋರ್ಟು ಬೇಕಾಗಿಲ್ಲ. ಹೇಳ್ರಿ, ಹೋಗೀರೋ ಇಲ್ಲೋ?"

ಹಾವಗೆಪ್ಪ ನಿಧಾನವಾಗಿ ಸರಿದು, ಬೆಳಿಗ್ಗೆ ಎಲ್ಲರ ಮೂಗಿಗೂ ಹಿಡಿದಿದ್ದ ಪಾಸಪೋರ್ಟಿನ ಮೇಲೆ ಕೂತ. ಅವನ ಕಣ್ಣ ಮುಂದೆ ಹಡಗು, ಹಿಮದ ಬೆಟ್ಟಗಳು, ನೀರಿನ ಓಣಿಗಳು ಎಲ್ಲ ಒಮ್ಮೆ ಹಾದುಹೋದವು.

"ಇಲ್ರಿ," ಎಂದ. "ನಾ ಎಲ್ಲೂ ಹೋಗಿಲ್ಲ."

"ಜೋರಾಗಿ."

"ನಾ ವಿಲಾಯತಿಗೆ ಹೋಗಿಲ್ರಿ."

ಹೂವು ಹಾಕಿದವರು ಬಂದು ತಮ್ಮ ಹೂವು ತೆಗೆದುಕೊಂಡು ಹೋದರು. ಹುಸೇನ ಯಾರ ಮುಖವನ್ನೂ ನೋಡದೆ ಗಾದಿಯ ನಡುವೆ ಬಂದು ಕೂತ. ಆದರೂ ಹಾವಗೆಪ್ಪನ ಎದೆ ಹಗುರಾಗಿತ್ತು. ಮಾನ ಹೋದರೂ ಹೈದರಾಬಾದು ತಪ್ಪಿತಲ್ಲ.

ಆಗ ಒಳಬಾಗಿಲ ಪರದೆ ಸರಿಯಿತು. ಗುರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಹಿಂದೆ ಓಣಿಯ ಹೆಂಗಸರೆಲ್ಲ.

"ಇದ್ಯಾವ ಮಾತ್ರಿ? ಮುಂಜಾನಿಂದ ಅಕ್ಕಾರು ನಮಗ ಎಲ್ಲಾ ಹೇಳ್ಯಾರ. ಆ ನೀರಿನ ಊರಾಗ ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ ಕಟ್ಟಿ ಸೀರಿ ಒಣಗಿಸಿದ್ದು, ಥಂಡಿ ದೇಶದ ಮುದುಕಿ ಒಲಿ ಕೊಟ್ಟಾಗ ಜ್ವಾಳದ ಹಿಟ್ಟು ತೆಗದು ರೊಟ್ಟಿ ಬಡದಿದ್ದು, ಆಕಿ ಸೊಸಿ ಹಡದಾಗ ಇವರೇ ಬಾಣಂತಿಗೆ ಅಜಿವಾನದ ಹೊಗಿ ಹಾಕಿದ್ದು. ಇದೆಲ್ಲಾ ಸುಳ್ಳೇನು?"

ಅಜಿವಾನದ ಹೊಗೆಯನ್ನು ಯಾರೂ ಸುಳ್ಳಿಗಾಗಿ ಹುಟ್ಟಿಸುವುದಿಲ್ಲ ಎಂಬುದು ಅಮೀನ ಸಾಹೇಬರಿಗೂ ಹೊಳೆದಿರಬೇಕು. ಎಲ್ಲರೂ ಬಾಗಿಲಲ್ಲಿ ನಿಂತಿದ್ದ ಕಸ್ತೂರಿಬಾಯಿಯ ಕಡೆ ನೋಡಿದರು. ಹಾವಗೆಪ್ಪ ಗಾದಿಯ ಮೇಲಿಂದಲೇ ಕಣ್ಣಿನಲ್ಲಿ, ಕೈಯಲ್ಲಿ, ಕೊನೆಗೆ ಹ್ಯಾಟಿನಲ್ಲೂ ಸನ್ನೆ ಮಾಡಿದ.

ಕಸ್ತೂರಿಬಾಯಿ ಸನ್ನೆಯನ್ನು ನೋಡಿದಳು. ಇಡೀ ಪ್ರವಾಸದಲ್ಲಿ ಅವಳು ಸಾಮಾನು ಎಣಿಸಿದ್ದಳು, ದಾರಿ ಕೇಳಿದ್ದಳು, ಗಾಡಿ ತಪ್ಪದಂತೆ ಇವನನ್ನು ಎಬ್ಬಿಸಿದ್ದಳು. ಇವನು ಮಾಡಿದ್ದು ಕಿಟಕಿಯ ಪಕ್ಕ ಕೂತು ಉದಗೀರಿನವನನ್ನು ನೆನೆಸಿದ್ದು.

"ನಾ ಹೋಗಿ ಬಂದೀನ್ರಿ," ಎಂದಳು ಮೆಲ್ಲಗೆ. "ಅವರು ಹೋಗಿಲ್ಲ ಅಂತಾರಂದ್ರ ಹೋಗಿರಲಿಕ್ಕಿಲ್ಲ. ಗಂಡನ ಮಾತು ನಾ ಹ್ಯಾಂಗ ಸುಳ್ಳು ಅನ್ಲಿ?"

ಊರಿಗೆ ಒಮ್ಮೆಲೇ ಎಲ್ಲವೂ ಅರ್ಥವಾಯಿತು. ಹೆಂಗಸು ಹೋಗಿ ಬಂದಿದ್ದಾಳೆ, ಗಂಡಸು ಹೆದರಿ ಎಲ್ಲೋ ಅಡಗಿದ್ದಾನೆ. ಇದಕ್ಕಿಂತ ಸರಳವಾದದ್ದು ಇನ್ನೇನಿದೆ? ಅಮೀನ ಸಾಹೇಬರು ಕಸ್ತೂರಿಬಾಯಿಗೆ ಒಂದು ಸಲಾಮು ಮಾಡಿ, ಊಟ ಮುಗಿಸಲು ಹೋದರು. ಶಿವರಾಜಪ್ಪ ಹೊಸ್ತಿಲ ಹತ್ತಿರ ಹೋಗಿ, ಔರಾದದ ಸುದ್ದಿಯನ್ನು ಮುಂದಿನ ಸಲ ಸಾಹೇಬರ ಕಿವಿಗೆ ಅವ್ವಾರೇ ಹಾಕಬೇಕೆಂದು ಬೇಡಿಕೊಂಡ.

ಇಳಿಹೊತ್ತಿಗೆ ಅಂಗಡಿಯ ಮುಂದೆ ಅಮೀನರ ಮನೆಯ ಟಾಂಗಾ ಬಂದು ನಿಂತಿತು. ಅಮೀನರ ಹೆಂಡತಿ ಬೇಗಂ ಆಬೇದಾ ಅವರಿಗೆ ವಿಲಾಯತಿಯ ಸುದ್ದಿ ಕೇಳುವ ಆಸೆಯಾಗಿತ್ತು. ಸಾಹೇಬರೂ ಪರದೆಯ ಈಚೆ ಕೂತು ಕೇಳುವವರಿದ್ದರು. ಕಸ್ತೂರಿಬಾಯಿ ಇಳಕಲ್ಲು ಸೀರೆ ಉಟ್ಟು ಹತ್ತಿ ಕೂತಳು. ಹಿಂದೆಯೇ ಹಾವಗೆಪ್ಪ ಮೆಟ್ಟಿಲ ಮೇಲೆ ಕಾಲಿಟ್ಟ. ಟಾಂಗಾದ ಜೊತೆ ಬಂದಿದ್ದ ಪೇದೆ ಬೆತ್ತ ಅಡ್ಡ ಹಿಡಿದ.

"ತಪ್ಪು ತಿಳಕೋಬ್ಯಾಡ್ರಿ ಸಾವಕಾರ್ರೆ. ಹೋಗಿ ಬಂದವರನ್ನಷ್ಟೇ ಕರಕೊಂಡು ಬಾ ಅಂತ ಹುಕುಂ ಆಗ್ಯದ."

ಟಾಂಗಾ ಹೋಯಿತು. ಧೂಳು ಇಳಿಯುವ ಮೊದಲೇ ಮಡೆಪ್ಪ ಬಂದು ಪಕ್ಕದಲ್ಲಿ ನಿಂತ. ಧ್ವನಿಯಲ್ಲಿ ಬೆಣ್ಣೆಯಿತ್ತು.

"ನಮ್ಮಿಬ್ಬರೊಳಗೇ ಇರಲಿ ಸಾವಕಾರ್ರೆ. ಅವ್ವಾರು ಅತ್ಲಾಗ ಹೋದಾಗ ನೀವು ಇಷ್ಟು ದಿನ ಎಲ್ಲಿದ್ರಿ?"

ಹಾವಗೆಪ್ಪ ನಿಜ ಹೇಳಿ ನೋಡಿದ್ದ, ಸುಳ್ಳು ಹೇಳಿ ನೋಡಿದ್ದ. ಅವನಿಗೆ ಸಾಕಾಗಿತ್ತು. ಈ ಮನುಷ್ಯ ತೊಲಗಿದರೆ ಸಾಕೆಂದು ಬಾಯಿಗೆ ಬಂದ ಹತ್ತಿರದ ಹಳ್ಳಿಯ ಹೆಸರು ಹೇಳಿದ.

"ಖಟಕ ಚಿಂಚೋಳಿದಾಗ."

ಮಡೆಪ್ಪ ಒಂದಿಷ್ಟೂ ಸಂಶಯಪಡಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಚೆನ್ನಾಗಿ ಕಾಲು ಮಡಚಿ ಕೂತು, ಓಣಿಯ ಆ ತುದಿಯವರೆಗೂ ಕೇಳಿಸುವಂತೆ ಕೇಳಿದ:

"ಯಾರ ಮನ್ಯಾಗ್ರಿ?"