ಇಂಜಿನ್ನಿಗೆ ಬೆಚ್ಚನೆಯ ಬೆಳಗು

ಬೆಳಕು ಹರಿಯುವ ಮೊದಲು ರೋಸ್ವಿತಾ ಮಾಡಬೇಕಾದ ಕೆಲಸಗಳು ಇವು. ಮಲಗುವ ಚೀಲದ ಜಿಪ್ಪನ್ನು ಸದ್ದಾಗದಂತೆ ಎಳೆದು ಹೊರಗೆ ಬರಬೇಕು. ಗಂಡನ ಮೊಣಕಾಲುಗಳನ್ನು ದಾಟಬೇಕು. ಕಾಲಿಗೆ ಸಿಕ್ಕ ಚಪ್ಪಲಿ ತನ್ನದೋ ಅವನದೋ ಎಂದು ಕತ್ತಲಲ್ಲೇ ತೀರ್ಮಾನಿಸಬೇಕು. ವ್ಯಾನಿನ ಗಾಜುಗಳ ಒಳಮೈಯಲ್ಲಿ ಕಟ್ಟಿದ ಮಂಜನ್ನು ಬೆಣ್ಣೆ ಹಚ್ಚುವ ಚಾಕುವಿನಿಂದ ಕೆರೆಯಬೇಕು. (ಅದು ಅವರಿಬ್ಬರದೇ ಉಸಿರು, ರಾತ್ರಿಯೆಲ್ಲ ಸೇರಿ ಹೆಪ್ಪುಗಟ್ಟಿದ್ದು. ದಾಂಪತ್ಯದಲ್ಲಿ ಹೀಗಾಗುವುದುಂಟು.) ಕಾಫಿಗೆ ನೀರಿಡಬೇಕು, ಕ್ಯಾನಿನಲ್ಲಿ ನೀರು ಗಡ್ಡೆಯಾಗಿದ್ದರೆ ಮೊದಲು ಕ್ಯಾನನ್ನೇ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕರಗಿಸಬೇಕು. ಬಾಗಿಲ ಮುಂದಿನ ಹಿಮ ಗೋರಿ, ಕ್ಯಾಂಪಿಂಗ್ ಮೈದಾನದ ಕಚೇರಿಯವರೆಗೆ ನಡೆದು, ಹಿಂದಿನ ಸಂಜೆ ಹೇಳಿಟ್ಟಿದ್ದ ಬನ್ನಿನ ಚೀಲ ತರಬೇಕು. ಕೊನೆಗೆ, "ಬೆಚ್ಚಗಾಯ್ತು, ಏಳು" ಎಂದು ಗಂಡನನ್ನು ಎಬ್ಬಿಸಬೇಕು. ಬೆಚ್ಚಗಾಗಿರುವುದಿಲ್ಲ. ಹಾಗೆ ಹೇಳದಿದ್ದರೆ ಅವನು ಏಳುವುದಿಲ್ಲ.

ಇದಕ್ಕೆ ರಜೆ ಎಂದು ಹೆಸರು.

ಭೂಮಾಪನ ಕಚೇರಿಯಿಂದ ನಿವೃತ್ತನಾದ ಎಕ್ಕೆಹಾರ್ಟ್ ಆ ಶರತ್ಕಾಲದಲ್ಲಿ ಹಳೆಯ ಕ್ಯಾಂಪರ್ ವ್ಯಾನೊಂದನ್ನು ಕೊಂಡಿದ್ದ. ಹಾಸಿಗೆ, ಒಲೆ, ಬೊಂಬೆಮನೆಗೆ ಸರಿಹೊಂದುವಂಥ ಸಿಂಕು ಎಲ್ಲವೂ ಇದ್ದ ಆ ವ್ಯಾನಿನಲ್ಲಿ ಅವನ ಮನಸ್ಸು ನಿಂತದ್ದು ಕಣ್ಣಿಗೇ ಕಾಣದ ಒಂದು ಯಂತ್ರದ ಮೇಲೆ. ಮುಂದಿನ ಎಡಚಕ್ರದ ಹಿಂದೆ ಅಡಗಿದ್ದ ಅದರ ಪೂರ್ತಿ ಹೆಸರು ಸಹಾಯಕ-ಇಂಜಿನ್-ಪೂರ್ವ-ತಾಪಕ. ಅವರ ಭಾಷೆಯಲ್ಲಿ ಇದನ್ನೆಲ್ಲ ನಡುವೆ ಉಸಿರಿಗೂ ಜಾಗ ಬಿಡದೆ ಒಂದೇ ಪದವಾಗಿ ಬರೆಯುತ್ತಾರೆ. ಎಕ್ಕೆಹಾರ್ಟ್ ಅದನ್ನು ಗುರುಗಳ ಹೆಸರು ಹೇಳುವಂತೆ ಹೇಳುತ್ತಿದ್ದ. ರೋಸ್ವಿತಾ ಅದಕ್ಕೆ 'ಹೀಟರ್ಲೆ' ಎಂದು ಕರೆದು ಮರ್ಯಾದೆ ಕಳೆದಳು. ಅವರ ಶ್ವಾಬರ ಸೀಮೆಯಲ್ಲಿ ಪ್ರೀತಿ ಬಂದಾಗ ಯಾವ ಹೆಸರಿಗಾದರೂ 'ಲೆ' ಅಂಟಿಸುತ್ತಾರೆ. ಅವಳನ್ನೂ ಗಂಡ ರೋಸ್ಲೆ ಎಂದೇ ಕರೆಯುವುದು. ಪ್ರೀತಿ ಬಂದಾಗಲೂ, ಟವೆಲ್ ಸಿಗದಿದ್ದಾಗಲೂ.

ಮಾರಿದವನು ಹೇಳಿದ್ದನಂತೆ: ಸಂಜೆ ಗಡಿಯಾರದಲ್ಲಿ ಹೊತ್ತು ಗೊತ್ತುಮಾಡಿ ಮಲಗಿ, ಬೆಳಿಗ್ಗೆ ಬಚ್ಚಲಮನೆಯಲ್ಲಿ ಎದ್ದಂತಿರುತ್ತದೆ. ಎಲ್ಲ ಸ್ವಯಂಚಾಲಿತ, ಯಾರೂ ಏನೂ ಮುಟ್ಟಬೇಕಿಲ್ಲ. ಆ ಮಾತನ್ನು ಎಕ್ಕೆಹಾರ್ಟ್ ಒಂದಿಷ್ಟೂ ಅನುಮಾನಿಸಲಿಲ್ಲ. ಅವನು ಮದುವೆಯಾದ ದಿನದಿಂದ ಮನೆಯಲ್ಲಿ ಎಲ್ಲವೂ ಸ್ವಯಂಚಾಲಿತವಾಗಿಯೇ ನಡೆದುಕೊಂಡು ಬಂದಿತ್ತು. ಅಂಗಿಗಳು ತಾವೇ ಇಸ್ತ್ರಿಯಾಗಿ ಬೀರು ಸೇರುತ್ತಿದ್ದವು.

ಹೀಗೆ ಫೆಬ್ರವರಿಯಲ್ಲಿ, ಊರಿಗೆ ಊರೇ ಮುಖವಾಡ ಹಾಕಿ ಕುಣಿಯುವ ಹಬ್ಬದ ಗದ್ದಲ ಬೇಡವೆಂದು, ಇಬ್ಬರೂ ಆಲ್ಗಾಯ್ ಬೆಟ್ಟಗಳ ಹಿಮಕ್ಕೆ ಬಂದಿದ್ದರು. ಹಗಲೆಲ್ಲ ಹಿಮದ ಮೇಲೆ ಜಾರುನಡಿಗೆ. ಸಂಜೆ ಎಕ್ಕೆಹಾರ್ಟ್ ಮುಂದಿನ ಸೀಟಿನಲ್ಲಿ ಕೂತು, ಪುಟ್ಟ ಪರದೆಯ ಮೇಲೆ ಬೆಂಕಿಯ ಚಿತ್ರ ಮೂಡುವ ತನಕ ಗುಂಡಿ ಒತ್ತಿ, ತೃಪ್ತನಾಗಿ ಹಿಂದಕ್ಕೆ ಹೋಗಿ ಮಲಗುವನು. ಬೆಳಗಿನ ಜಾವ ಚಕ್ರದ ಕಡೆಯಿಂದ ಟಿಕ್ ಟಿಕ್ ಎಂದು ಡೀಸೆಲ್ ತೊಟ್ಟಿಕ್ಕುವ ಸದ್ದು. ಆಮೇಲೆ ಮುದುಕನೊಬ್ಬ ಕಫ ತೆಗೆದಂತೆ ಒಂದು ಕೆಮ್ಮು. ಬಿಳಿಯ ಹೊಗೆ. ಕೊನೆಗೆ ವಿಮಾನ ಹಾರಲು ಹೊರಟಂಥ ಮೊರೆತ. ವಿಮಾನ ಮಾತ್ರ ಹಾರುತ್ತಿರಲಿಲ್ಲ. ಒಳಗಿನ ಚಳಿ ಒಂದು ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ. ಎಕ್ಕೆಹಾರ್ಟ್ ಚೀಲದೊಳಗಿಂದಲೇ, ತಡವಾದ ರೈಲಿನ ಬಗ್ಗೆ ಸ್ಟೇಷನ್ ಮಾಸ್ತರ ಹೇಳುವಂತೆ, ಬರುತ್ತೆ, ಈಗ ಬರುತ್ತೆ ಎನ್ನುತ್ತಿದ್ದ. ಬಿಸಿ ಬಾರದ್ದಕ್ಕೆ ಮೊದಲ ದಿನ ಡೀಸೆಲ್ ಕಾರಣವಾಯಿತು, ಮರುದಿನ ಬೆಟ್ಟದ ಎತ್ತರ. ಅದರ ಮರುದಿನ, ರೋಸ್ವಿತಾ ಪದೇ ಪದೇ ಬಾಗಿಲು ತೆರೆಯುವುದು. (ಬನ್ನು ಕಿಟಕಿಯಿಂದ ಹಾರಿ ಬರಬೇಕಿತ್ತೇನೋ.)

ಆ ಬೆಳಿಗ್ಗೆ ಅವಳು ಬನ್ನಿನ ಚೀಲ ಹಿಡಿದು ಮರಳುವಾಗ ಮೈದಾನದ ಕಂದು ಬೆಕ್ಕು ತಮ್ಮ ವ್ಯಾನಿನ ಮೂತಿಯ ಮೇಲೆ ಕಾಲು ಚಾಚಿ ಮಲಗಿತ್ತು. ಅದರ ಸುತ್ತ ಹಿಮ ಕರಗಿ ಕರಿಯ ಬಯಲಾಗಿತ್ತು. ಸಾಲಾಗಿ ನಿಂತ ಅಷ್ಟೂ ವ್ಯಾನುಗಳನ್ನು ಬಿಟ್ಟು ಇದನ್ನೇ ಏಕೆ ಆರಿಸಿತು? ರೋಸ್ವಿತಾ ಕೈಗವಸು ಬಿಚ್ಚಿ ತಗಡು ಮುಟ್ಟಿದಳು. ಈಗಷ್ಟೇ ಇಸ್ತ್ರಿಪೆಟ್ಟಿಗೆ ಎತ್ತಿಟ್ಟ ಬಟ್ಟೆಯ ಹಾಗಿತ್ತು. ಅವಳು ಬನ್ನಿನ ಚೀಲವನ್ನು ಅಲ್ಲಿಟ್ಟಳು, ಎರಡೂ ಅಂಗೈಯನ್ನು ಅಲ್ಲಿಟ್ಟಳು, ಆಚೀಚೆ ನೋಡಿ ಕೆನ್ನೆಯನ್ನೂ ಇಟ್ಟಳು.

"ಎಕ್ಕೆ, ನಿನ್ನ ಯಂತ್ರ ಕೆಲಸ ಮಾಡ್ತಿದೆ" ಎಂದಳು ಒಳಗೆ ಬಂದು.

"ನಾನು ಹೇಳಲಿಲ್ವಾ?"

"ಇಂಜಿನ್ ಬೆಚ್ಚಗಿದೆ. ನನಗಿಂತ ಬೆಚ್ಚಗಿದೆ."

ಎಕ್ಕೆಹಾರ್ಟ್ ಮೂಗನ್ನಷ್ಟೇ ಹೊರಗಿಟ್ಟು ವಿವರಿಸಿದ. ಇಂಜಿನ್ ಅಂದರೆ ಸೂಕ್ಷ್ಮ ಜೀವ. ಚಳಿಗೆ ಎಣ್ಣೆ ಜೇನಿನ ಹಾಗೆ ಗಟ್ಟಿಯಾಗಿರುತ್ತೆ, ಕೀಲುಗಳು ಬಿಗಿದಿರುತ್ತವೆ. ಅದನ್ನು ನಿಧಾನವಾಗಿ ಎಬ್ಬಿಸಬೇಕು. ಎದ್ದ ಕೂಡಲೇ ಅದಕ್ಕೆ ಕೆಲಸ ಹೇಳಬಾರದು. ಹೇಳಿದರೆ ಬೇಗ ಸವೆದುಹೋಗುತ್ತೆ.

ರೋಸ್ವಿತಾ ಗಾಜು ಕೆರೆಯುತ್ತಿದ್ದ ಚಾಕುವನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳು."

"ಯಾವುದನ್ನ?"

"ಎದ್ದ ಕೂಡಲೇ ಕೆಲಸ ಹೇಳಬಾರದು ಅಂದೆಯಲ್ಲ, ಅದನ್ನ."

ಅದನ್ನು ಬಿಟ್ಟು ಅವನು, ಆ ಯಂತ್ರ ಇಂಜಿನ್ನಿಗೂ ಹೌದು, ಮನುಷ್ಯರಿಗೂ ಹೌದು ಎಂದು ವಾದಕ್ಕೆ ಬಿದ್ದ. ಬರೀ ಇಂಜಿನ್ನಿಗೆ ಎಂದು ಅವಳ ಪಟ್ಟು. ಮಾತು ಬೆಳೆದು ಪಂಥಕ್ಕೆ ಬಂತು: ಯಾರ ಮಾತು ಸುಳ್ಳಾಗುತ್ತದೋ ಅವರು ಬೆಳಿಗ್ಗೆ ಮೊದಲು ಎದ್ದು ಎಲ್ಲ ಕೆಲಸ ಮಾಡಬೇಕು.

"ಬರೀ ಇಲ್ಲಿ ಯಾಕೆ?" ಎಂದ ಎಕ್ಕೆಹಾರ್ಟ್, ಗೆಲುವು ಜೇಬಿನಲ್ಲೇ ಇರುವವನ ಉದಾರತೆಯಿಂದ. "ಮನೆಗೆ ಹೋದ ಮೇಲೂ."

ರೋಸ್ವಿತಾಳ ಕಣ್ಣ ಮುಂದೆ ಮನೆಯ ಬೆಳಗುಗಳು ಸಾಲಾಗಿ ನಿಂತವು. ಕಾಫಿ, ಅವನ ಮಾತ್ರೆಗಳ ಡಬ್ಬಿ, ಹಿಂದಿನ ರಾತ್ರಿಯ ಪಾತ್ರೆ. ಏಳು ಗಂಟೆಯೊಳಗೆ ಗೋರದಿದ್ದರೆ ಬೀದಿಯ ಬಾಯಿಗೆ ಬೀಳಿಸುವ ಹಿಮ. ಮೆಟ್ಟಿಲು ಗುಡಿಸುವ ಸರದಿಯ ವಾರ ಬಂತೆಂದು ಬಾಗಿಲಿಗೆ ತೂಗುಬೀಳುವ ಹಲಗೆ. ಅದರ ಮೇಲೆ ಇರುವುದು ಗಂಡನ ಹೆಸರು, ಪೊರಕೆ ಇರುವುದು ಅವಳ ಕೈಯಲ್ಲಿ. ಇದೆಲ್ಲ ಮುಗಿಸಿ ಕನ್ನಡಕದ ಅಂಗಡಿಯ ಕೆಲಸಕ್ಕೆ ಓಡುವುದು. ಅವಳು ಚಾಕುವನ್ನು ಎಡಗೈಗೆ ಬದಲಾಯಿಸಿ ಬಲಗೈ ಚಾಚಿದಳು. ಕೈಕುಲುಕಿದ್ದಾಯಿತು.

ನ್ಯಾಯಾಧೀಶರಾಗಿ ಪಕ್ಕದ ವ್ಯಾನಿನ ಹೇಬರ್ಲೆಯವರು ಬಂದರು. ಕರೆದದ್ದು ರೋಸ್ವಿತಾ, ಕರೆಯದಿದ್ದರೂ ಬರುತ್ತಿದ್ದರು. ಹಣೆಗೆ ದೀಪ ಕಟ್ಟಿಕೊಂಡು ಹಿಮದಲ್ಲೇ ಅಂಗಾತ ಮಲಗಿ ಚಕ್ರದ ಹಿಂದೆ ತಲೆ ತೂರಿಸಿದರು. ಬಹಳ ಹೊತ್ತಾದ ಮೇಲೆ ಅಲ್ಲಿಂದಲೇ ತೀರ್ಪು ಬಂತು.

"ಇದು ನೀರು ಕಾಯಿಸೋದು, ಗಾಳಿ ಕಾಯಿಸೋದಲ್ಲ. ಬಿಸಿನೀರು ಇಂಜಿನ್ ಸುತ್ತ ಹೋಗುತ್ತೆ. ನೀವು ಮಲಗೋ ಜಾಗದ ಸುತ್ತ ನೀರು ಹರಿಯುತ್ತಾ? ಇಲ್ಲ ತಾನೆ. ಮುಗೀತು."

ಮರುದಿನ ಬೆಳಿಗ್ಗೆ ಯಂತ್ರ ಮೊರೆಯುತ್ತಿರುವಾಗ ರೋಸ್ವಿತಾ ಸಾಕ್ಷಿಗಾಗಿ ಮುಂದಿನ ಗಾಳಿಕಿಂಡಿಯ ಮೇಲೆ ಕಾಗದದ ಕರವಸ್ತ್ರವನ್ನೂ ಇಟ್ಟು ತೋರಿಸಿದಳು. ಅದು ಅಲ್ಲಾಡಲಿಲ್ಲ. ಎಕ್ಕೆಹಾರ್ಟ್ ಅದನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ತನ್ನ ಚಪ್ಪಲಿ ಯಾವುದು ಎಂದು ಕೇಳಿದ. ರೋಸ್ವಿತಾ ಚೀಲಕ್ಕೆ ಮರಳಿ ಜಿಪ್ಪೆಳೆದುಕೊಂಡಳು.

ಅವನು ಕೆಲಸ ಮಾಡಿದ, ಇಲ್ಲವೆನ್ನಬಾರದು. ಕಾಫಿಪುಡಿ ಎಲ್ಲಿ, ಸೋಸುವ ಕಾಗದ ಎಲ್ಲಿ, ಬೆಂಕಿಪೊಟ್ಟಣ ಯಾವ ಖಾನೆಯಲ್ಲಿ ಎಂದು ಕೇಳಿ ಕೇಳಿ ಮಾಡಿದ. ಮಲಗಿಕೊಂಡೇ ಉತ್ತರಿಸುವುದೂ ಒಂದು ಕೆಲಸವೇ ಎಂದು ರೋಸ್ವಿತಾಳಿಗೆ ಆಗ ತಿಳಿಯಿತು. ಕಾಫಿ ಹಳ್ಳದ ನೀರಿನಂತಿತ್ತು. ಆದರೆ ಅದು ಅವಳ ಬಳಿಗೆ ತಾನಾಗಿ ಬಂದಿತ್ತು, ಸ್ವಯಂಚಾಲಿತವಾಗಿ ಎನ್ನಬಹುದು. ಕುಡಿಯುತ್ತಲೇ ಅಕ್ಕ ಹಿಲ್ಟ್ರೂಡಳಿಗೆ ಫೋನು ಮಾಡಿ, ಎಕ್ಕೆ ಕಬ್ಬಿಣಕ್ಕೆ ಕಂಬಳಿ ಹೊದಿಸುವ ಯಂತ್ರ ತಂದಿದ್ದಾನೆ ಎಂದು ವಿಸ್ತಾರವಾಗಿ ವರದಿ ಒಪ್ಪಿಸಿದಳು. ಹಿಲ್ಟ್ರೂಡ್‌ಗೆ ತಿಳಿದರೆ ಊರಿಗೆ ತಿಳಿದಂತೆ.

ಎರಡನೆಯ ಬೆಳಿಗ್ಗೆ ಅವನು ನೀರಿನ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ರೋಸ್ಲೆ, ಇದು ದಿನಾ ಹೀಗೇ ಗಡ್ಡೆ ಕಟ್ಟುತ್ತಾ?"

"ದಿನಾ."

ಅವನು ಕ್ಯಾನನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಂಡ.

ಆ ಸಂಜೆ ಬೇಳೆಸಾರು, ಸ್ಪೆಟ್ಸ್ಲೆ ಎಂಬ ಹಿಟ್ಟಿನ ಶಾವಿಗೆ ಮುಗಿಸಿ, ಪಂಥದಲ್ಲಿ ಆ ಮಾತು ಇಲ್ಲದಿದ್ದರೂ ಅವನು ತಾನಾಗಿ ಎಂಜಲು ಪಾತ್ರೆಗಳ ಟಬ್ಬು ಹೊತ್ತು ಮೈದಾನದ ಪಾತ್ರೆಮನೆಗೆ ಹೋದ. ರೋಸ್ವಿತಾ ಎಂದಿನಂತೆ ಮುಂಭಾಗ ಒರೆಸಲು ಕೂತಳು. ಸ್ಟೀರಿಂಗು, ಗಾಜಿನ ಅಂಚು, ಕಿಂಡಿಗಳು, ಗುಂಡಿಗಳು. ರಾತ್ರಿ ಮಲಗುವ ಮುಂಚೆ ಮನೆಯ ಎಲ್ಲ ಗುಂಡಿಗಳೂ ಸೊನ್ನೆಗೆ ಬರಬೇಕು ಎಂಬುದು ಅವಳ ತಾಯಿಯ ಕಟ್ಟಳೆ. ಬಟ್ಟೆಯ ಹಿಂದೆಯೇ ಬೆರಳು ತಾನಾಗಿ ತಿರುಗುತ್ತದೆ. ಹಗಲು ವ್ಯಾನು ಓಡಿಸಿದಾಗ ಬಿಸಿಗಾಳಿಗೆಂದು ಕೆಂಪಿಗಿದ್ದ ಗುಂಡಿ ತಣ್ಣನೆಯ ನೀಲಿಗೆ ಬಂತು. ಫ್ಯಾನಿನ ಗುಂಡಿ ಸೊನ್ನೆಗೆ.

ಬೆರಳು ಅಲ್ಲೇ ನಿಂತಿತು.

ಬಿಸಿನೀರು ಇಂಜಿನ್ ಸುತ್ತ ಹೋಗುತ್ತೆ ಅಂದರು ಹೇಬರ್ಲೆ. ಸರಿ, ಹೋಗಿ ಆಮೇಲೆ? ಅವಳಿಗೆ ಅತ್ತೆ ನೆನಪಾದರು. ನೆಲಮಾಳಿಗೆಯಲ್ಲಿ ಬಾಯ್ಲರು ಧಗಧಗ ಉರಿಯುತ್ತಿದ್ದರೂ ಅತ್ತೆ ಮಹಡಿಯ ಕೋಣೆಯಲ್ಲಿ ಶಾಲು ಹೊದ್ದು, ಸೊಸೆ ಬೇಕೆಂದೇ ನನ್ನನ್ನು ಚಳಿಗೆ ಕೊಲ್ಲುತ್ತಿದ್ದಾಳೆ ಎಂದು ನೆಂಟರಿಗೆಲ್ಲ ಹೇಳುತ್ತಿದ್ದರು. ಬಾಯ್ಲರಿನ ತಪ್ಪೇನೂ ಇರಲಿಲ್ಲ. ಉಳಿತಾಯವಾಗಲಿ ಎಂದು ಕೋಣೆಯ ಬಿಸಿನೀರಿನ ತಿರುಪನ್ನು ಅತ್ತೆಯೇ ಮುಚ್ಚಿಟ್ಟು ಮರೆತಿರುತ್ತಿದ್ದರು.

ರೋಸ್ವಿತಾ ಗುಂಡಿಯನ್ನು ಮತ್ತೆ ಕೆಂಪಿಗೆ ತಿರುಗಿಸಿದಳು. ಫ್ಯಾನನ್ನು ಒಂದಕ್ಕೆ. ಬೆಂಕಿಯ ಚಿತ್ರದ ಗುಂಡಿ ಒತ್ತಿದಳು. ಟಿಕ್ ಟಿಕ್ ಕೇಳಿತು. ಕೆಮ್ಮು, ಹೊಗೆ, ಮೊರೆತ. ಅವಳು ಕಿಂಡಿಯ ಮೇಲೆ ಅಂಗೈಯಿಟ್ಟು, ಒಲೆಯ ಮೇಲಿನ ಹಾಲನ್ನು ಕಾಯುವವಳಂತೆ ಕಾದಳು. ಮೊದಲು ಏನೂ ಇಲ್ಲ. ಆಮೇಲೆ ಒಳಗೆಲ್ಲೋ ಚಿಟುಕು ಸದ್ದಾಗಿ ಫ್ಯಾನು ಎಚ್ಚರಗೊಂಡಿತು. ಮುಚ್ಚಿಟ್ಟ ಪೆಟ್ಟಿಗೆಯಂಥ ಒಂದು ವಾಸನೆ. ಕೊನೆಗೆ ಅಂಗೈಗೆ ಬೆಚ್ಚನೆಯ ಗಾಳಿ, ಮಲಗಿದ ಮಗುವಿನ ಉಸಿರಿನಷ್ಟು.

ಮೊದಲಿಗೆ ಅವಳಿಗೆ ಆದದ್ದು ಬರೀ ಸಂತೋಷ. ಡೀಸೆಲಿನ ತೊಟ್ಟು ಬೆಂಕಿಯಾಗಿ, ಬೆಂಕಿ ನೀರಿಗೆ ಮುಟ್ಟಿ, ನೀರು ಇಂಜಿನ್ನನ್ನು ಸುತ್ತಿ, ಕೆಂಪು ಗುಂಡಿ ತೆರೆದ ದಾರಿಯಲ್ಲಿ ಈ ಕಿಂಡಿಯ ಹಿಂದೆ ಬಂದು, ಗಾಳಿಯಾಗಿ ತನ್ನ ಕೈ ಸೇರಿದೆ. ಇಡೀ ದಾರಿ ಕಣ್ಣಿಗೆ ಕಟ್ಟಿದಂತಿತ್ತು. ಎಕ್ಕೆಯನ್ನು ಕೂಗಿ ಕರೆಯಬೇಕೆಂದು ಬಾಗಿಲ ಹಿಡಿಗೂ ಕೈ ಹಾಕಿದಳು.

ಹಿಡಿಯ ಮೇಲೆ ಕೈಯಿದ್ದ ಹಾಗೇ ಉಳಿದ ಲೆಕ್ಕವೂ ಹೊಳೆಯಿತು. ಯಂತ್ರದ ತಪ್ಪಲ್ಲ, ಡೀಸೆಲಿನದೂ ಅಲ್ಲ, ಬೆಟ್ಟದ್ದಂತೂ ಅಲ್ಲವೇ ಅಲ್ಲ. ಇಷ್ಟು ದಿನ ಗಂಡ ಬಿಸಿಯನ್ನು ಗೊತ್ತುಮಾಡಿ ಮಲಗಿದ ಮೇಲೆ, ಬಟ್ಟೆ ಹಿಡಿದು ಬಂದು ಆ ಬಿಸಿಯ ಬಾಗಿಲನ್ನು ಜಡಿದು ಹೋಗುತ್ತಿದ್ದವಳು ತಾನೇ. ಅತ್ತೆಯ ಶಾಲು ಈಗ ತನ್ನ ಹೆಗಲೇರಿತ್ತು. ಹೇಬರ್ಲೆಯವರನ್ನು ಹಿಮದಲ್ಲಿ ಮಲಗಿಸಿದ್ದು, ಹಿಲ್ಟ್ರೂಡ್‌ಗೆ ವರದಿ ಒಪ್ಪಿಸಿದ್ದು, ಕಾಗದದ ಕರವಸ್ತ್ರದ ಮಹಾಸಾಕ್ಷ್ಯ, ಎಲ್ಲವೂ ನೆನಪಾಗಿ ಕಿವಿ ಸುಟ್ಟವು. ಯಂತ್ರ ಕೊನೆಗೂ ಅವಳಿಗೆ ಬಿಸಿ ಮುಟ್ಟಿಸಿತ್ತು.

ಹೇಳಿಬಿಟ್ಟರೆ ನಾಳೆ ಬೆಳಿಗ್ಗೆ ವ್ಯಾನು ಬಚ್ಚಲಮನೆಯಂತೆ ಬೆಚ್ಚಗಿರುತ್ತದೆ. ಆ ಬೆಚ್ಚನೆಯಲ್ಲಿ ಮೊದಲು ಏಳಬೇಕಾದವಳು ತಾನು. ಇಲ್ಲಿಯೂ, ಮನೆಯಲ್ಲಿಯೂ, ಮೆಟ್ಟಿಲ ಹಲಗೆ ತೂಗುಬಿದ್ದ ಪ್ರತಿ ವಾರವೂ. ಹೇಳದಿದ್ದರೆ ಮಂಜು, ಗಡ್ಡೆಕಟ್ಟಿದ ಕ್ಯಾನು, ಹಳ್ಳದ ನೀರಿನ ಕಾಫಿ. ಒಂದು ಕಡೆ ಬೆಚ್ಚಗಿರುವುದು, ಇನ್ನೊಂದು ಕಡೆ ಗೆದ್ದಿರುವುದು. ಗಾಜಿನ ಬುಡದಲ್ಲಿ ಮಂಜು ಕರಗಿ ಒಂದು ಹನಿ ಇಳಿಯತೊಡಗಿತು. ದೂರದಲ್ಲಿ ಪಾತ್ರೆಗಳ ಕಿಣಿಕಿಣಿ. ಎಕ್ಕೆಹಾರ್ಟ್ ಬರುತ್ತಾ ಹೇಬರ್ಲೆಯವರಿಗೆ ಏನೋ ಹೇಳುತ್ತಿದ್ದ. ಬೇಳೆಸಾರಿನ ಜಿಡ್ಡು ತಣ್ಣೀರಿಗೆ ಹೋಗುವುದಿಲ್ಲ, ಮೊದಲು ಬಿಸಿನೀರಲ್ಲಿ ನೆನೆಸಿಡಬೇಕು ಎಂದು ವಿವರಿಸುತ್ತಿದ್ದ. ಜಗತ್ತಿನಲ್ಲಿ ಅದನ್ನು ಕಂಡುಹಿಡಿದವನು ತಾನೇ ಮೊದಲು ಎಂಬ ದನಿಯಲ್ಲಿ.

ರೋಸ್ವಿತಾ ಆ ದನಿಯನ್ನು ಕೇಳಿಸಿಕೊಂಡಳು. ಆಮೇಲೆ ಯಂತ್ರವನ್ನು ಆರಿಸಿದಳು. ಗುಂಡಿಯನ್ನು ನೀಲಿಗೆ, ಫ್ಯಾನನ್ನು ಸೊನ್ನೆಗೆ ತಂದಳು. ಇಳಿಯುತ್ತಿದ್ದ ಹನಿಯನ್ನು ಒರೆಸಿದಳು.

ಆದರೆ ಅನ್ಯಾಯವಾಗಬಾರದು. ಅವಳು ಆ ಬಟ್ಟೆಯನ್ನು ನೀಟಾಗಿ ಮಡಿಸಿ, ಯಾರಿಗಾದರೂ ಎದ್ದು ಕಾಣುವಂತೆ, ಕೆಂಪು-ನೀಲಿ ಗುಂಡಿಯ ಪಕ್ಕದಲ್ಲೇ ಇಟ್ಟಳು. ಒಂದೇ ಒಂದು ಸಲ ಅದನ್ನೆತ್ತಿ ಅಲ್ಲಿ ಒರೆಸಿದರೆ ಸಾಕು, ಅವನಿಗೂ ಎಲ್ಲ ತಿಳಿಯುತ್ತದೆ.

ಅಷ್ಟು ಮಾಡಿ, ಎರಡನೆಯ ಜೊತೆ ಉಣ್ಣೆಯ ಕಾಲುಚೀಲ ಹುಡುಕಿ ಮೊದಲನೆಯದರ ಮೇಲೆ ಏರಿಸಿಕೊಂಡು, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ರೋಸ್ವಿತಾ ನಡುಗಲು ಮಲಗಿದಳು.